ಶುಶ್ರೂಷೆಯೂ ಸಂಬಳವೂ

ಕೆಲವು ವೃತ್ತಿಗಳ ವಿಷಯದಲ್ಲಿ ಹಣದ ಮಾತೆತ್ತುವುದನ್ನೇ ಲೋಕವು ಅಸಭ್ಯವೆಂದು ಭಾವಿಸುತ್ತದೆ. ವಕೀಲನೂ ವರ್ತಕನೂ ತಮ್ಮ ಪ್ರತಿಫಲವನ್ನು ಕೇಳಿದರೆ ಅದು ವ್ಯವಹಾರಜ್ಞಾನ. ಉಪಾಧ್ಯಾಯನೂ ದಾದಿಯೂ ಕೇಳಿದರೆ ಅದು ಲೋಭ. ಈ ಭೇದವು ನ್ಯಾಯವಾದುದೆ? ಶುಶ್ರೂಷಾವಿದ್ಯೆಯನ್ನು ಕಲಿತ ತರುಣಿಯೊಬ್ಬಳು ಅದರ ನಾನಾ ಶಾಖೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದಾಗ "ಯಾವುದರಲ್ಲಿ ಸಂಬಳ ಹೆಚ್ಚು?" ಎಂದು ಕೇಳುವುದು ಧರ್ಮಕ್ಕೆ ಒಪ್ಪತಕ್ಕ ಪ್ರಶ್ನೆಯೆ? ಒಪ್ಪುವುದಾದರೆ ಆ ಪ್ರಶ್ನೆಗೆ ಎಷ್ಟು ತೂಕ ಸಲ್ಲಬೇಕು?

ಇದು ಕೇವಲ ತರ್ಕವಿನೋದವಲ್ಲ. ಮೂರು ವರ್ಷದ ಡಿಪ್ಲೊಮಾವನ್ನಾಗಲಿ ನಾಲ್ಕು ವರ್ಷದ ಪದವಿಯನ್ನಾಗಲಿ ಮುಗಿಸಿದವರ ಮುಂದೆ ಈಗ ಹಲವು ದಾರಿಗಳುಂಟು: ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾಗಾರ, ನವಜಾತ ಶಿಶುಗಳ ವಾರ್ಡು, ಕ್ಯಾನ್ಸರ್, ಮನೋರೋಗ, ವೃದ್ಧರ ಆರೈಕೆ, ಮರಣಾಸನ್ನರ ಉಪಶಮನ ಚಿಕಿತ್ಸೆ. ಸರ್ಕಾರದ ನೌಕರಿಯಲ್ಲಿ ಈ ಶಾಖೆಗಳ ನಡುವೆ ಸಂಬಳದ ಅಂತರ ಅಲ್ಪ. ಏಳನೆಯ ವೇತನ ಆಯೋಗದ ಪ್ರಕಾರ ಕೇಂದ್ರ ಸರ್ಕಾರದ ಆಸ್ಪತ್ರೆಗಳ ಶುಶ್ರೂಷಾಧಿಕಾರಿಗೆ ಆರಂಭದ ಮೂಲವೇತನ ೪೪,೯೦೦ ರೂಪಾಯಿ. ಕೂಸಿನ ತೊಟ್ಟಿಲ ಬಳಿ ನಿಂತರೂ ಮುದುಕನ ಮಂಚದ ಬಳಿ ನಿಂತರೂ ಅದೇ ಶ್ರೇಣಿ. ಹೊರದೇಶಗಳಿಗೆ ಹೋದರೆ ಚಿತ್ರವೇ ಬೇರೆ. ಅಮೆರಿಕದ ಸರ್ಕಾರವು ೨೦೨೩ರ ಮೇ ತಿಂಗಳಿಗೆ ಕೊಟ್ಟ ಲೆಕ್ಕದಂತೆ ನೋಂದಾಯಿತ ದಾದಿಯ ವಾರ್ಷಿಕ ಸಂಬಳದ ಮಧ್ಯಾಂಕ ೮೬,೦೭೦ ಡಾಲರು. ಅರಿವಳಿಕೆ ಕೊಡುವ ದಾದಿಯದು ೨,೧೨,೬೫೦ ಡಾಲರು. ಒಂದೇ ವೃತ್ತಿಯ ಎರಡು ಕೊಂಬೆಗಳ ನಡುವೆ ಇಷ್ಟು ಅಂತರವಿರುವಾಗ, ಸಂಬಳದ ಕಡೆ ಕಣ್ಣೆತ್ತಿಯೂ ನೋಡಬಾರದೆಂದು ಬೋಧಿಸುವುದು ಸುಲಭ. ಆ ಬೋಧನೆಯನ್ನು ಸಮರ್ಥಿಸುವುದು ಕಷ್ಟ.

ಆದರೂ ಆ ಪೂರ್ವಪಕ್ಷವನ್ನು ಗೌರವದಿಂದಲೇ ಕೇಳಬೇಕು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಲ್ಲಿ ಇರತಕ್ಕ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಈ ಪಟ್ಟಿಯಲ್ಲಿ ವೇತನದ ಪ್ರಸ್ತಾಪವಿಲ್ಲ. ಅನುರಾಗವನ್ನು ದುಡ್ಡು ಕೊಟ್ಟು ಕೊಳ್ಳಲಾಗದು. ಆದಕಾರಣ ದುಡ್ಡನ್ನು ನೋಡಿ ಬಂದವರಲ್ಲಿ ಅನುರಾಗ ನಿಲ್ಲದು ಎಂಬುದು ಈ ಪಕ್ಷದ ವಾದ. ವಾದದ ಮೊದಲ ಭಾಗ ನಿಜ. ಎರಡನೆಯದು ಅದರಿಂದ ಸಿದ್ಧಿಸುವುದಿಲ್ಲ. ಚರಕನ ಪಟ್ಟಿಯಲ್ಲಿ ಪರಿಚಾರಕನ ಊಟದ ಮಾತೂ ಇಲ್ಲ. ಅಷ್ಟರಿಂದ ಅವನು ಉಪವಾಸವಿರಬೇಕೆಂದು ಯಾರೂ ಅರ್ಥಮಾಡುವುದಿಲ್ಲ. ಮನೆಯಲ್ಲಿ ಸಾಲಗಾರ ಬಾಗಿಲು ಬಡಿಯುತ್ತಿರುವಾಗ ಆಸ್ಪತ್ರೆಯಲ್ಲಿ ದಕ್ಷತೆ ಎಷ್ಟು ರಾತ್ರಿ ಎಚ್ಚರವಾಗಿದ್ದೀತು?

ಶುಶ್ರೂಷೆಯ ತ್ಯಾಗಕ್ಕೆ ನಿದರ್ಶನವಾಗಿ ಎಲ್ಲರೂ ಹೆಸರಿಸುವ ಫ್ಲಾರೆನ್ಸ್ ನೈಟಿಂಗೇಲಳ ಚರಿತ್ರೆಯೂ ಇಲ್ಲಿ ವಿಚಾರಾರ್ಹ. ೧೮೫೩ರಲ್ಲಿ ಆಕೆ ಲಂಡನಿನ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಣೆಯನ್ನು ಸಂಬಳವಿಲ್ಲದೆ ವಹಿಸಿಕೊಂಡಳು. ಅದು ಸಾಧ್ಯವಾದದ್ದು ಆಕೆಯ ತಂದೆ ವರ್ಷಕ್ಕೆ ೫೦೦ ಪೌಂಡುಗಳನ್ನು ಕೊಡಲೊಪ್ಪಿದ್ದರಿಂದ. ಮರುವರ್ಷ ಕ್ರಿಮಿಯಾ ಯುದ್ಧಕ್ಕೆ ಹೋಗಿ ಜಗದ್ವಿಖ್ಯಾತಳಾದ ಮೇಲೆ, ತನ್ನ ಹೆಸರಿನಲ್ಲಿ ಕೂಡಿದ ನಿಧಿಯಿಂದ ೧೮೬೦ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ತೆರೆಯಿಸಿದಳು. ಅಲ್ಲಿ ಕಲಿಯಬಂದ ಹೆಂಗಸರಿಗೆ ಊಟ ವಸತಿಗಳ ಜೊತೆಗೆ ವರ್ಷಕ್ಕೆ ೧೦ ಪೌಂಡು ಕೈಗೆ ಬರುತ್ತಿತ್ತು. ತಾನು ವೇತನವಿಲ್ಲದೆ ದುಡಿದವಳು ಇತರರೂ ಹಾಗೆಯೇ ದುಡಿಯಲೆಂದು ನಿಯಮಮಾಡಲಿಲ್ಲ. ಎಲ್ಲ ಹೆಣ್ಣುಮಕ್ಕಳಿಗೂ ೫೦೦ ಪೌಂಡಿನ ತಂದೆ ಇರುವುದಿಲ್ಲ.

ಸಂಬಳವನ್ನು ಲೆಕ್ಕಿಸುವುದು ತಪ್ಪಲ್ಲವೆಂದಾಯಿತು. ಇದರ ಮೇಲೆ ಎದುರುಪಕ್ಷದವರು ಒಂದು ಹೆಜ್ಜೆ ಮುಂದೆ ಹೋಗಿ, ಹೆಚ್ಚು ಸಂಬಳದ ಶಾಖೆಯೇ ಹೆಚ್ಚು ಬೆಲೆಯುಳ್ಳದ್ದು, ಲೋಕವೇ ಅದನ್ನು ತೂಗಿ ನೋಡಿದೆ ಎನ್ನುತ್ತಾರೆ. ಇದನ್ನೂ ಪರೀಕ್ಷಿಸಬೇಕು. ವೃತ್ತಿಗಳ ಸಂಬಳದಲ್ಲಿ ಏರಿಳಿತವಾಗಲು ಆಡಂ ಸ್ಮಿತ್ತನು ೧೭೭೬ರಲ್ಲಿ ಐದು ಕಾರಣಗಳನ್ನು ಹೇಳಿದ್ದನು: ಕೆಲಸದ ಹಿತಾಹಿತ, ಕಲಿಯುವ ಕಷ್ಟ ಮತ್ತು ಖರ್ಚು, ಕೆಲಸದ ಸ್ಥಿರತೆ, ವಹಿಸಬೇಕಾದ ಹೊಣೆ, ಗೆಲುವಿನ ಸಂಭವ. ಅರಿವಳಿಕೆಯ ದಾದಿಯ ಸಂಬಳಕ್ಕೆ ಇವುಗಳಲ್ಲಿ ಎರಡು ಚೆನ್ನಾಗಿ ಹೊಂದುತ್ತವೆ. ಅಮೆರಿಕದಲ್ಲಿ ಆ ಶಾಖೆಗೆ ಸೇರುವವರು ಮೊದಲು ದಾದಿಯಾಗಿ, ತೀವ್ರ ನಿಗಾ ಘಟಕದಲ್ಲಿ ದುಡಿದು, ಬಳಿಕ ಡಾಕ್ಟರೇಟ್ ಮಟ್ಟದ ವ್ಯಾಸಂಗವನ್ನು ಮುಗಿಸಬೇಕು. ಹೊಣೆಯಂತೂ ರೋಗಿಯ ಉಸಿರಿನದೇ. ಮಿನ್ನೆಸೋಟ ಪ್ರಾಂತದ ಆಲಿಸ್ ಮೆಗಾ ಎಂಬ ದಾದಿಯು, ಹದಿನಾಲ್ಕು ಸಾವಿರಕ್ಕೂ ಮಿಕ್ಕ ಶಸ್ತ್ರಚಿಕಿತ್ಸೆಗಳಲ್ಲಿ ಅರಿವಳಿಕೆಯ ದೆಸೆಯಿಂದ ಒಂದು ಸಾವೂ ಸಂಭವಿಸಲಿಲ್ಲವೆಂದು ೧೯೦೬ರಲ್ಲಿ ಬರೆದು ಪ್ರಕಟಿಸಿದಳು. ಇಂಥ ಎಚ್ಚರಕ್ಕೆ ಹೆಚ್ಚಿನ ಪ್ರತಿಫಲ ಸಲ್ಲುವುದು ಅನ್ಯಾಯವಲ್ಲ.

ಆದರೆ ಅಂತರವೆಲ್ಲವೂ ಈ ಕಾರಣಗಳಿಂದಲೇ ಬಂದುದಲ್ಲ. ಶಸ್ತ್ರಚಿಕಿತ್ಸೆಯಿಂದ ಆಸ್ಪತ್ರೆಗೆ ವರಮಾನವುಂಟು. ಅದರ ಒಂದು ಪಾಲು ಅಲ್ಲಿ ದುಡಿಯುವವರಿಗೆ ಹರಿಯುತ್ತದೆ. ಬುದ್ಧಿಭ್ರಮಣೆಯಾದವನೊಡನೆ ತಿಂಗಳುಗಟ್ಟಲೆ ತಾಳ್ಮೆಯಿಂದ ಮಾತನಾಡಿ ಅವನು ಒಂದು ತುತ್ತು ಉಣ್ಣುವಂತೆ ಮಾಡಿದರೆ ಅದಕ್ಕೆ ಬಿಲ್ಲು ಬರೆಯುವ ಕ್ರಮವಿಲ್ಲ. ಬೆಂಗಳೂರಿನ ಕರುಣಾಶ್ರಯದಲ್ಲಿ ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಕಾಸು ಕೇಳದೆ ಆರೈಕೆ ನಡೆಯುತ್ತದೆ. ದಾನದಿಂದ ನಡೆಯುವ ಯಾವ ಮನೆಯಲ್ಲಿಯೂ ಸಂಬಳಕ್ಕೆ ದಾನದ ಪ್ರಮಾಣವೇ ಎಲ್ಲೆ. ಹೀಗೆ ಸಂಬಳವು ವ್ಯಾಸಂಗವನ್ನೂ ಹೊಣೆಯನ್ನೂ ಅಳೆಯುವುದರ ಜೊತೆಗೆ ರೋಗಿಯ ಕೈಚೀಲವನ್ನೂ ಅಳೆಯುತ್ತದೆ. ರೋಗಿಯ ಸಂಕಟವನ್ನು ಅಳೆಯುವ ಶಕ್ತಿ ಮಾತ್ರ ಅದಕ್ಕಿಲ್ಲ. ಕಡಮೆ ಸಂಬಳದ ಶಾಖೆ ಕಡಮೆ ಬೆಲೆಯದೆಂದು ತಿಳಿಯುವವರು ಬಡವನ ನೋವು ಕಡಮೆಯೆಂದು ಒಪ್ಪಿಕೊಂಡಂತಾಗುತ್ತದೆ.

ಇನ್ನು ಈ ವೃತ್ತಿಗೇ ವಿಶಿಷ್ಟವಾದ ಒಂದು ಸಂಗತಿಯುಂಟು. ಬಟ್ಟೆ ಕೊಳ್ಳುವವನು ಅಂಗಡಿಯನ್ನು ಆರಿಸಿಕೊಳ್ಳುತ್ತಾನೆ. ರೋಗಿಯು ತನ್ನ ದಾದಿಯನ್ನು ಆರಿಸಿಕೊಳ್ಳುವುದಿಲ್ಲ. ರಾತ್ರಿಯ ಸರದಿಗೆ ಯಾರು ಬಂದರೋ ಅವರ ಕೈಯಲ್ಲಿ ಅವನ ಪ್ರಾಣ. ಎರಡು ದಿನದ ಕೂಸು ತನಗಾದ ಉಪೇಕ್ಷೆಯನ್ನು ಹೇಳಿಕೊಳ್ಳಲಾರದು, ಅರಿವಳಿಕೆಯಲ್ಲಿರುವವನೂ ಹೇಳಲಾರನು, ಮನೋರೋಗಿ ಹೇಳಿದರೂ ನಂಬುವವರು ವಿರಳ. ಆದುದರಿಂದ ಮನಸ್ಸು ಒಗ್ಗದ ಶಾಖೆಗೆ ಕೇವಲ ಸಂಬಳಕ್ಕಾಗಿ ಸೇರಿದವರ ತಪ್ಪಿಗೆ ದಂಡ ತೆರುವವನು ಬಹುಮಟ್ಟಿಗೆ ಇನ್ನೊಬ್ಬನು; ಅವನಿಗೆ ಆ ಆಯ್ಕೆಯಲ್ಲಿ ಪಾಲೂ ಇರಲಿಲ್ಲ, ಅದರ ಸುದ್ದಿಯೂ ತಿಳಿದಿರಲಿಲ್ಲ.

ನಮ್ಮ ಶಾಸ್ತ್ರಕಾರರು ಯಾವ ವಿದ್ಯೆಗೂ ಮೊದಲು ಅಧಿಕಾರಿ ಯಾರೆಂದು ವಿಚಾರಿಸುತ್ತಿದ್ದರು. ಇಲ್ಲಿಯೂ ಅದೇ ಮೊದಲನೆಯ ಪ್ರಶ್ನೆಯಾಗಬೇಕು: ಯಂತ್ರಗಳ ಕೂಗಿನ ನಡುವೆ ಚಿತ್ತ ಕದಡದವಳೆ? ಬದಲು ಮಾತು ಬಾರದ ಕಡೆ ದಿನವೂ ಮಾತನಾಡಬಲ್ಲವಳೆ? ಬದುಕಿಸಲಾಗದವರ ಬಳಿ ಕುಳಿತು ನೋವನ್ನಷ್ಟೆ ಇಳಿಸುವುದರಲ್ಲಿ ಸಮಾಧಾನ ಕಾಣಬಲ್ಲವಳೆ? ಹತ್ತನೆಯ ವರ್ಷದಲ್ಲಿಯೂ ಈ ಕೆಲಸದಲ್ಲಿ ಎಚ್ಚರವಾಗಿರಬಲ್ಲವಳೆ? ಎರಡನೆಯ ಪ್ರಶ್ನೆ ಜೀವನೋಪಾಯದ್ದು: ಇದರಿಂದ ತನ್ನ ಮನೆ ನಡೆದೀತೆ? ಇಲ್ಲಿ ಸಂಬಳಕ್ಕೆ ಪೂರ್ಣವಾದ ಹಕ್ಕುಂಟು; ಸಂಕೋಚಕ್ಕೆ ಕಾರಣವಿಲ್ಲ. ಇವೆರಡೂ ತೀರಿದ ಮೇಲೆ, ಸಮಾನವಾಗಿ ಒಗ್ಗುವ ಎರಡು ಶಾಖೆಗಳು ಉಳಿದರೆ, ಹೆಚ್ಚು ಕೊಡುವುದನ್ನು ಆರಿಸಿಕೊಳ್ಳಲಿ. ಅದರಲ್ಲಿ ಯಾವ ದೋಷವೂ ಇಲ್ಲ. ಸಂಬಳವನ್ನು ಮೊದಲ ಪ್ರಶ್ನೆಯ ಪೀಠದಲ್ಲಿ ಕೂರಿಸುವುದೇ ದೋಷ.

ಮಗಳ ಓದಿಗಾಗಿ ಜಮೀನನ್ನು ಒತ್ತೆಯಿಟ್ಟ ಮನೆಗೆ ಈ ಮಾತು ಕಠಿನವೆನಿಸೀತು. ಹಾಗೇನೂ ಇಲ್ಲ. ಸಾಲವಿದ್ದವರ ಜೀವನೋಪಾಯದ ಅಳತೆಯೇ ದೊಡ್ಡದು. ಅದು ತೀರುವವರೆಗೆ ಹೆಚ್ಚಿನ ಸಂಬಳವೂ ಅಗತ್ಯವೇ. ಅಳತೆಯೊಂದು ಇರಬೇಕೆಂಬುದೇ ಮುಖ್ಯ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಹೆಂಡತಿ ಲಕ್ಕಮ್ಮ ಹೆಚ್ಚಾದುದನ್ನು ಹಿಂದಕ್ಕೆ ಸುರಿದುಬರಲು ಕಳುಹಿಸಿದಳೆಂಬ ಕಥೆ ಕನ್ನಡಿಗರಿಗೆಲ್ಲ ಪರಿಚಿತವಾದುದು. ತನ್ನ ಮನೆಗೆ ಎಷ್ಟು ಸಾಕೆಂಬುದು ಆಕೆಗೆ ಗೊತ್ತಿದ್ದಿತು. ಇನ್ನೊಂದನ್ನೂ ಮರೆಯಬಾರದು: ಆಕೆ ಅಳೆದದ್ದು ತನ್ನ ಮನೆಯ ಅಕ್ಕಿಯನ್ನು. ನೆರೆಮನೆಯ ಗಡಿಗೆಗೆ ಇಷ್ಟು ಸಾಕೆಂದು ತೀರ್ಪುಕೊಡಲು ಆಕೆ ಹೋಗಲಿಲ್ಲ.

ಈ ಕಥೆಯನ್ನು ತಮಗೆ ಅನುಕೂಲವಾಗಿ ಹೇಳುವ ಆಸ್ಪತ್ರೆಗಳ ಯಜಮಾನರು ಈ ಎರಡನೆಯ ಅಂಶವನ್ನು ಬಿಟ್ಟುಬಿಡುತ್ತಾರೆ. ಸೇವೆಯ ಹೆಸರಿನಲ್ಲಿ ಕೊಡಬೇಕಾದುದನ್ನು ಕೊಡದಿರುವುದು ತ್ಯಾಗವಲ್ಲ. ಇನ್ನೊಬ್ಬರಿಂದ ಬಲಾತ್ಕಾರವಾಗಿ ಮಾಡಿಸಿದ ದಾನ. ೨೦೧೬ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ನೇಮಕವಾದ ಸಮಿತಿಯು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿ ದಾದಿಯರಿಗೆ ರಾಜ್ಯ ಸರ್ಕಾರದ ಸಮಾನ ವೇತನ ಸಲ್ಲಬೇಕೆಂದೂ, ಐವತ್ತಕ್ಕಿಂತ ಕಡಮೆ ಹಾಸಿಗೆಗಳ ಕಡೆಯೂ ತಿಂಗಳಿಗೆ ೨೦,೦೦೦ ರೂಪಾಯಿಗೆ ಇಳಿಯಕೂಡದೆಂದೂ ಶಿಫಾರಸು ಮಾಡಿತು. ಶಿಫಾರಸು ತಾನಾಗಿ ಕಾನೂನಾಗುವುದಿಲ್ಲ. ಅದನ್ನು ಜಾರಿಗೆ ತರಬೇಕಾದವರು ಬೇರೆ. ಮನೋರೋಗಿಗಳ ಬಳಿ, ವೃದ್ಧರ ಬಳಿ ದುಡಿಯುವ ದಾದಿಯರು ಸಾಲದೆಂದು ಕೊರಗುವ ಸಮಾಜವು ಇಪ್ಪತ್ತೆರಡು ವರ್ಷದ ಹುಡುಗಿಯ ಲೋಭವನ್ನು ಹಳಿಯುವ ಮೊದಲು, ಆ ಶಾಖೆಗಳಲ್ಲಿ ಉಳಿದವರಿಗೆ ತಾನು ಏನನ್ನು ಕೊಟ್ಟಿದೆಯೆಂದು ಎಣಿಸಿ ನೋಡಬೇಕು.

ಮನೆಯ ಹಿರಿಯರ ಪಾಲಿಗೂ ಒಂದು ಕರ್ತವ್ಯ ಉಳಿಯುತ್ತದೆ. ಓದು ಮುಗಿಸಿ ಬಂದ ಮಗಳನ್ನು "ಎಷ್ಟು ಬರುತ್ತದೆ?" ಎಂದು ಕೇಳುವುದಕ್ಕೆ ಮುಂಚೆ "ಯಾವ ರೋಗಿಗಳ ಬಳಿ ನಿನಗೆ ಬೇಸರವಾಗುವುದಿಲ್ಲ?" ಎಂದು ಕೇಳಲಿ. ಆಮೇಲೆ ಸಂಬಳದ ಮಾತನ್ನೂ ಮುಚ್ಚುಮರೆಯಿಲ್ಲದೆ ಆಡಲಿ. ಎರಡನ್ನೂ ಈ ಕ್ರಮದಲ್ಲಿ ಕೇಳಿದ ಮನೆಯಿಂದ ಹೊರಟವಳು ಯಾವ ವಾರ್ಡಿನಲ್ಲಿ ನಿಂತರೂ ಅಲ್ಲಿಯ ರೋಗಿಯು ನಿಶ್ಚಿಂತೆಯಿಂದ ಕಣ್ಣುಮುಚ್ಚಬಹುದು.