ಮೊದಲು ಮಾಡಿದವರು, ಅದನ್ನು ಹೇಳುವವರು

 

ಕಳೆದ ಭಾನುವಾರದ ಅಧ್ಯಯನದಲ್ಲಿ ಪಿಎಚ್.ಡಿ. ಮಾಡುತ್ತಿರುವ ಸಹೋದರಿಯೊಬ್ಬರು ಒಂದು ಪ್ರಶ್ನೆ ಕೇಳಿದರು. ಎರಡು ವರ್ಷ ಕೂತು ತಾವು ಮಾಡಿದ ಲೆಕ್ಕಾಚಾರವನ್ನು ಬೇರೊಬ್ಬರು ತಮ್ಮ ಪ್ರಬಂಧದಲ್ಲಿ ಬಳಸಿಕೊಂಡು, ಹೆಸರನ್ನೇ ಹಾಕಿಲ್ಲವಂತೆ. "ಸರ್, ಇದಕ್ಕೆ ನೊಂದುಕೊಳ್ಳುವುದೂ ತಣ್ಹೆಯೇನಾ?" ನಾನು ಎಂಟು ಲೋಕಧಮ್ಮಗಳ ಪಾಠ ಹೇಳಿದೆ. ಲಾಭ-ನಷ್ಟ, ಯಶಸ್ಸು-ಅಪಯಶಸ್ಸು, ನಿಂದೆ-ಹೊಗಳಿಕೆ, ಸುಖ-ದುಃಖ ಎಲ್ಲವೂ ಬಂದು ಹೋಗುವ ಗಾಳಿ, ಬಿಟ್ಟುಬಿಡಿ ಎಂದೆ. ಅವರು ತಲೆಯಾಡಿಸಿ ಸುಮ್ಮನಾದರು. ಆ ಮೌನ ವಾರವಿಡೀ ನನ್ನನ್ನು ಕಾಡಿತು.

ಆಗ ನೆನಪಾದವರು ಬಿಭಾ ಚೌಧುರಿ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ಅಭ್ಯಾಸ ಮಾಡಿದ ಭೌತವಿಜ್ಞಾನಿ. 1913ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದವರು. ಬೋಸ್ ಸಂಸ್ಥೆಯಲ್ಲಿ ಡಿ.ಎಂ. ಬೋಸ್ ಅವರ ಜೊತೆ ಕೆಲಸಕ್ಕೆ ನಿಂತರು. ಫೋಟೋ ಪ್ಲೇಟುಗಳನ್ನು ಡಾರ್ಜಿಲಿಂಗ್, ಸಂದಕ್‌ಫುಗಳಂಥ ಎತ್ತರದ ಜಾಗಗಳಲ್ಲಿ ತಿಂಗಳುಗಟ್ಟಲೆ ಇಡುವುದು, ಆಮೇಲೆ ತಂದು ತೊಳೆದು, ಕಣಗಳು ಹಾದುಹೋದ ಗೆರೆಗಳನ್ನು ಸೂಕ್ಷ್ಮದರ್ಶಕದಡಿ ಹುಡುಕುವುದು. ಗೆರೆಯಲ್ಲಿರುವ ಬೆಳ್ಳಿಯ ಕಾಳುಗಳನ್ನು ಒಂದೊಂದಾಗಿ ಎಣಿಸಿ ಕಣದ ತೂಕವನ್ನು ಅಂದಾಜು ಮಾಡಬೇಕು. (ವಿಪಸ್ಸನಕ್ಕೆ ಕೂರುವ ನಮಗೆ ಹತ್ತು ದಿನವೇ ಎಷ್ಟು ಉದ್ದವೆನಿಸುತ್ತದೆ!) ಎಲೆಕ್ಟ್ರಾನಿಗಿಂತ ಸುಮಾರು 200 ಪಟ್ಟು ತೂಕದ ಕಣಗಳ ಗುರುತು ಅವರಿಗೆ ಸಿಕ್ಕಿತು. 1940ರ ದಶಕದ ಆರಂಭದಲ್ಲಿ 'ನೇಚರ್' ಪತ್ರಿಕೆಯಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ಇನ್ನಷ್ಟು ಖಚಿತವಾಗಿ ಅಳೆಯಲು ಉತ್ತಮ ಪ್ಲೇಟುಗಳು ಬೇಕಿದ್ದವು. ಯುದ್ಧಕಾಲ, ಸಿಗಲಿಲ್ಲ.

1947ರಲ್ಲಿ ಬ್ರಿಸ್ಟಲಿನ ಸೆಸಿಲ್ ಪೊವೆಲ್ ತಂಡ ಇದೇ ಬಗೆಯ ವಿಧಾನದಿಂದ, ಉತ್ತಮ ಪ್ಲೇಟುಗಳಲ್ಲಿ, ಪಯಾನ್ ಕಣವನ್ನು ಕಂಡುಹಿಡಿಯಿತು. 1950ರಲ್ಲಿ ಪೊವೆಲ್ ಅವರಿಗೆ ನೊಬೆಲ್ ಬಂತು. ಇಲ್ಲಿ ದುಡುಕಿ ಯಾರನ್ನೂ ಕಳ್ಳರೆನ್ನಬಾರದು. ಆ ಶೋಧ ಅವರದೇ. ಬೋಸ್-ಚೌಧುರಿಯವರ ಹಿಂದಿನ ಕೆಲಸವನ್ನು ಪೊವೆಲ್ ತಮ್ಮ ಗ್ರಂಥದಲ್ಲಿ ನಮೂದಿಸಿಯೂ ಇದ್ದಾರೆ. ಮರೆತವರು ಉಳಿದವರು, ಅದರಲ್ಲೂ ನಾವು. ಬಿಭಾ ಮ್ಯಾಂಚೆಸ್ಟರಿನಲ್ಲಿ ಬ್ಲ್ಯಾಕೆಟ್ ಅವರ ಬಳಿ ಡಾಕ್ಟರೇಟ್ ಮಾಡಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲೂ ತೊಡಗಿದ್ದರು. 1991ರಲ್ಲಿ ತೀರಿಕೊಂಡರು. ದೇಶದ ದೊಡ್ಡ ಪ್ರಶಸ್ತಿಯೊಂದೂ ಬರಲಿಲ್ಲ. 2019ರಲ್ಲಿ ದೂರದ ನಕ್ಷತ್ರವೊಂದಕ್ಕೆ 'ಬಿಭಾ' ಎಂದು ಹೆಸರಿಟ್ಟರು.

ಈಗ ವಿಜ್ಞಾನಿಗಳನ್ನು ಅಳೆಯಲು ಎಚ್-ಇಂಡೆಕ್ಸ್ ಎಂಬ ಅಂಕಿ ಇದೆ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ್ದು. ಕನಿಷ್ಠ ಹತ್ತು ಸಲ ಉಲ್ಲೇಖಗೊಂಡ ಹತ್ತು ಪ್ರಬಂಧಗಳಿದ್ದರೆ ಅಂಕ ಹತ್ತು. ಮೂರೇ ಪ್ರಬಂಧ ಬರೆದವರಿಗೆ, ಪ್ರತಿಯೊಂದೂ ಸಾವಿರ ಸಲ ಉಲ್ಲೇಖವಾದರೂ, ಅಂಕ ಮೂರೇ. ಈ ಅಂಕಿಯ ಹಿಂದೆ ಓಡುವುದು ತಣ್ಹೆ ಎಂದರೆ ನಾನು ಒಪ್ಪುತ್ತೇನೆ. ಅದು ಗಾಳಿಯೇ ಸರಿ.

ಆದರೆ ಅಂಕಿ ಬೇರೆ, ಉಲ್ಲೇಖ ಬೇರೆ. ಅಂಗುತ್ತರ ನಿಕಾಯದಲ್ಲಿ ಭಗವಾನರು ಲೋಕದಲ್ಲಿ ಅಪರೂಪವಾದ ಇಬ್ಬರನ್ನು ಹೆಸರಿಸುತ್ತಾರೆ. ಒಬ್ಬರು ಪುಬ್ಬಕಾರಿ, ಅಂದರೆ ತಾವಾಗಿ ಮೊದಲು ಮಾಡುವವರು. ಇನ್ನೊಬ್ಬರು ಕತಞ್ಞೂ ಕತವೇದೀ, ಅಂದರೆ ಮಾಡಿದ್ದನ್ನು ಅರಿತು, ಅರಿತದ್ದನ್ನು ತೋರಿಸಿಕೊಡುವವರು. ಪ್ರಬಂಧದ ಕೊನೆಯಲ್ಲಿ ಹಾಕುವ ಒಂದು ಸಾಲಿನ ಹೆಸರು ಈ ಎರಡನೆಯವರ ಕೆಲಸವಲ್ಲದೆ ಮತ್ತೇನು? ಹೊಗಳಿಕೆ ಬರಲಿ, ಬಾರದಿರಲಿ, ಅಲುಗಾಡದೆ ಇರುವುದು ಪಡೆಯುವವರ ಸಾಧನೆ. ಹೆಸರು ಹೇಳುವುದು ಬಳಸಿಕೊಂಡವರ ಸಾಲ. ನಾನು ಸಾಲಗಾರರ ಬಗ್ಗೆ ಚಕಾರವೆತ್ತದೆ, ಸಾಲ ಕೊಟ್ಟವರಿಗೆ ಉಪೇಕ್ಷೆ ಬೋಧಿಸಿದೆ. ಉಪೇಕ್ಷೆ ನಾವು ನಮಗಾಗಿ ಬೆಳೆಸಿಕೊಳ್ಳಬೇಕಾದದ್ದು. ಅನ್ಯಾಯವಾದವರ ಬಾಯಿಗೆ ಬಟ್ಟೆ ತುರುಕಲು ಅದನ್ನು ಬಳಸಿದರೆ ಅದು ಧಮ್ಮವಲ್ಲ. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳಬಾರದೆಂಬ ಎರಡನೆಯ ಶೀಲ ಪುಸ್ತಕ, ಲೆಕ್ಕ, ಆಲೋಚನೆಗಳಿಗೂ ಅನ್ವಯಿಸುತ್ತದೆ ಎಂದೇ ನನ್ನ ತಿಳಿವು.

ಇನ್ನೊಂದು ಮಾತು ಹೇಳಲೇಬೇಕು. ಎರಡು ವರ್ಷದಿಂದ ನಾನು ಕಳಿಸುತ್ತಿರುವ ಈ ಚಿಂತನೆಗಳಲ್ಲಿ ಅರ್ಧದಷ್ಟು, ನಮ್ಮ ಬಳಗದ ಹಿರಿಯರೊಬ್ಬರು ತಮ್ಮ ನೋಟ್‌ಬುಕ್ಕಿನಿಂದ ಓದಿ ಹೇಳಿದ ಮಾತುಗಳು. ಒಮ್ಮೆಯೂ ಹಾಗೆಂದು ಬರೆದಿಲ್ಲ. ಫಾರ್ವರ್ಡ್ ಆಗುತ್ತಾ ಹೆಸರು ಹೇಗೂ ಬಿದ್ದುಹೋಗುತ್ತದೆ ಎಂಬ ನೆಪ ಇತ್ತು. ಇಂದು ಬೆಳಿಗ್ಗೆ ಅವರಿಗೆ ಫೋನ್ ಮಾಡಿದೆ. "ಅಯ್ಯೋ, ಅದಕ್ಕೇನಂತೆ" ಎಂದು ನಕ್ಕರು. ಹಾಗೆ ನಗುವುದು ಅವರ ದೊಡ್ಡತನ, ನನಗೆ ವಿನಾಯಿತಿಯಲ್ಲ.

ಭಾನುವಾರ ಆ ಸಹೋದರಿ ಬಂದರೆ ನನ್ನ ಉತ್ತರವನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಸಂಪಾದಕರಿಗೆ ಪತ್ರ ಬರೆಯುವುದಾದರೆ, ಸಿಟ್ಟಿಲ್ಲದೆ, ದಾಖಲೆಗಳೊಡನೆ ಬರೆಯೋಣ. ಕರಡು ತಿದ್ದಲು ನಾನೂ ಜೊತೆಗೆ ಕೂರುತ್ತೇನೆ.