ಹಿಟ್ಟಿನ ಕೋಳಿ ಮತ್ತು ಸಮ್ಮುಖಾವಿನಯ: ಆನ್‌ಲೈನ್ ಆಟದ ಲೋಕದಲ್ಲಿ ದಂಡದ ನ್ಯಾಯ

ಸಾವಿರಾರು ಜನ ಏಕಕಾಲಕ್ಕೆ ಕೂಡಿ ಆಡುವ ಆನ್‌ಲೈನ್ ಆಟಗಳಲ್ಲಿ ಆಟಗಾರರ ನಡತೆಯನ್ನು ಗಮನಿಸಿ, ಬೈಗುಳವನ್ನು ಅಳಿಸಿ, ಮೋಸದಾಟ ಆಡಿದವರನ್ನು ಎಚ್ಚರಿಸಿ, ಅಗತ್ಯ ಬಿದ್ದರೆ ಅವರ ಖಾತೆಯನ್ನೇ ಮುಚ್ಚಿಹಾಕುವ ಅಧಿಕಾರವುಳ್ಳವರನ್ನು ಮಾಡರೇಟರ್‌ಗಳೆಂದು ಕರೆಯುವುದು ರೂಢಿ. ಇವರಲ್ಲಿ ಕೆಲವರು ಕಂಪನಿಯ ನೌಕರರಾದರೆ ಹಲವರು ಆಟದ ಮೇಲಿನ ಪ್ರೀತಿಯಿಂದ ಬಿಡುವಿನ ವೇಳೆಯನ್ನು ಇದಕ್ಕೆ ಕೊಡುವ ಸ್ವಯಂಸೇವಕರು. ಇವರಿಗೆ ರಾಜತ್ವವಿಲ್ಲ, ನ್ಯಾಯಪೀಠವಿಲ್ಲ, ಗುರುಸ್ಥಾನವೂ ಇಲ್ಲ. ಆದರೂ ದಂಡಿಸುವ ಅಧಿಕಾರ ಇವರ ಕೈಯಲ್ಲಿದೆ. ಇಂಥ ಅಧಿಕಾರ ಯಾವಾಗ ನ್ಯಾಯವೆನಿಸಿಕೊಳ್ಳುತ್ತದೆ, ಯಾವಾಗ ಬರಿಯ ಬಲಪ್ರಯೋಗವಾಗಿ ಉಳಿಯುತ್ತದೆ ಎಂಬುದು ತಂತ್ರಜ್ಞಾನದ ಪ್ರಶ್ನೆಯಂತೆ ಕಂಡರೂ ಮೂಲತಃ ಧರ್ಮಜಿಜ್ಞಾಸೆಯೇ ಆಗಿದೆ.

ದಂಡವಿಲ್ಲದ ಕಡೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯ ತಲೆಯೆತ್ತುತ್ತದೆಂದೂ, ದಂಡ ಕಠೋರವಾದರೆ ಜನ ತಲ್ಲಣಿಸುತ್ತಾರೆಂದೂ, ಮೃದುವಾದರೆ ಕಡೆಗಣಿಸುತ್ತಾರೆಂದೂ, ತಕ್ಕುದಾದಾಗ ಮಾತ್ರ ಗೌರವಿಸುತ್ತಾರೆಂದೂ ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಇದನ್ನು ಮಾಡರೇಟರ್‌ಗಳು ಅರಿತಿರುವುದು ಒಳ್ಳೆಯದೇ ಆದರೂ ಅರ್ಥಶಾಸ್ತ್ರದ ದೃಷ್ಟಿ ರಾಜನದು; ಪ್ರಜೆ ರಾಜ್ಯವನ್ನು ಆಯ್ದುಕೊಂಡು ಹುಟ್ಟಿದವನಲ್ಲ. ಆಟದ ಸಮುದಾಯಕ್ಕೆ ಹೆಚ್ಚು ಹತ್ತಿರವಾದ ಮಾದರಿ ಶ್ರಮಣ ಪರಂಪರೆಯ ಸಂಘಗಳಲ್ಲಿದೆ. ಬೌದ್ಧ ಭಿಕ್ಷುಸಂಘಕ್ಕಾಗಲಿ ಜೈನ ಮುನಿಸಂಘಕ್ಕಾಗಲಿ ಜನ ಸ್ವಂತ ಇಚ್ಛೆಯಿಂದ ಸೇರುತ್ತಿದ್ದರು, ನಿಯಮಗಳನ್ನು ತಿಳಿದು ಒಪ್ಪಿಕೊಳ್ಳುತ್ತಿದ್ದರು, ಬೇಡವೆನಿಸಿದರೆ ಹೊರಟುಹೋಗಬಹುದಿತ್ತು; ಸಂಘದ ಕೈಯಲ್ಲಿ ಸೆರೆಮನೆಯಾಗಲಿ ಕತ್ತಿಯಾಗಲಿ ಇರಲಿಲ್ಲವಾದ್ದರಿಂದ ಅದು ವಿಧಿಸಬಹುದಾಗಿದ್ದ ಕೊನೆಯ ಶಿಕ್ಷೆಯೆಂದರೆ ಹೊರಗಿಡುವುದು. ಆಟದ ಲೋಕದ ಸ್ಥಿತಿಯೂ ಹೆಚ್ಚುಕಡಿಮೆ ಇದೇ.

ದಂಡದ ವಿಚಾರಕ್ಕೆ ಮೊದಲು ಅಪರಾಧದ ವಿಚಾರ ತೀರ್ಮಾನವಾಗಬೇಕು. ಗುಂಡು ಹಾರಿಸಿ ಎದುರಾಳಿಯನ್ನು ಉರುಳಿಸುವುದೇ ಗುರಿಯಾಗಿರುವ ಆಟದಲ್ಲಿ ಹಿಂಸೆಯೆಂದರೆ ಯಾವುದು? ಕನ್ನಡ ಓದುಗರಿಗೆ ಇಲ್ಲಿ ಜನ್ನನ ಯಶೋಧರ ಚರಿತೆ (1209) ನೆನಪಾಗುವುದು ಸಹಜ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರ ಜೀವಬಲಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಜೀವ ಹೋಗದಿದ್ದರೂ ಕೊಲ್ಲುವ ಸಂಕಲ್ಪ ಇದ್ದುದರಿಂದ ಅದು ಹಿಂಸೆಯೇ ಎಂಬುದು ಕಾವ್ಯದ ನಿಲುವು. ಹಾಗಾದರೆ ಪರದೆಯ ಮೇಲಿನ ಕೊಲೆಯೂ ಹಿಟ್ಟಿನ ಕೋಳಿಯ ಬಲಿಯೇ ಎಂದು ಕೇಳುವವರಿದ್ದಾರೆ. ಆದರೆ ಯಶೋಧರನ ಮನಸ್ಸಿನಲ್ಲಿ ಹಿಟ್ಟು ನಿಜವಾದ ಕೋಳಿಗೆ ಬದಲಿಯಾಗಿ ನಿಂತಿತ್ತು. ಆಟದಲ್ಲಿ ಗುಂಡು ಹೊಡೆದವನೂ ತಿಂದವನೂ ಒಂದೇ ಒಪ್ಪಂದಕ್ಕೆ ಬದ್ಧರಾದವರು, ಅಲ್ಲಿ ಒಬ್ಬನ ಸಂಕಲ್ಪ ಇನ್ನೊಬ್ಬನನ್ನು ಗೆಲ್ಲುವುದೇ ಹೊರತು ನೋಯಿಸುವುದಲ್ಲ. ಜನ್ನನ ಅಳತೆಗೋಲು ನಿಜವಾಗಿ ತಾಗುವುದು ಗುಂಡಿಗಲ್ಲ, ಮಾತಿಗೆ. ಸೋತ ಹುಡುಗಿಯ ದನಿ ಹೆಡ್‌ಫೋನಿನಲ್ಲಿ ಕೇಳಿದ ಕ್ಷಣವೇ ಅವಳ ಹೆಣ್ತನವನ್ನು ಹಳಿಯುವವನ ಮಾತು, ಒಬ್ಬನ ಜಾತಿಯನ್ನೋ ಊರನ್ನೋ ಎತ್ತಿ ಆಡುವ ಮಾತು, ಪಾತ್ರವನ್ನು ದಾಟಿ ಫೋನು ಹಿಡಿದು ಕುಳಿತ ಮನುಷ್ಯನನ್ನೇ ತಲುಪುತ್ತದೆ, ತಲುಪಲೆಂದೇ ಆಡಿದ್ದೂ ಆಗಿರುತ್ತದೆ.

ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆ 2003ರಲ್ಲಿ ಹೊರತಂದ ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟ ಈ ಗಡಿಯನ್ನು ಸ್ಪಷ್ಟವಾಗಿ ಎಳೆದಿದೆ. ಅಲ್ಲಿ ಕಳ್ಳತನ, ಗೂಢಚರ್ಯೆ, ನಂಬಿಸಿ ಕೈಕೊಡುವುದು ಎಲ್ಲವೂ ಆಟದೊಳಗಿನ ಚಾತುರ್ಯವೆನಿಸಿಕೊಳ್ಳುತ್ತವೆ. ಆದರೆ ಅದೇ ಆಟಗಾರನಿಗೆ ಆಟದ ಹೊರಗಿನ ಬದುಕಿನಲ್ಲಿ ಬೆದರಿಕೆ ಹಾಕುವಂತಿಲ್ಲ. ನ್ಯಾಯವಾದ ನಿಯಮಾವಳಿ ಮೊದಲು ಹೇಳಬೇಕಾದುದು ಇದನ್ನೇ: ಯಾವುದು ಆಟ, ಯಾವುದು ಆಟದ ಮರೆಯಲ್ಲಿ ನಡೆಯುವ ಬೇರೊಂದು ಕೆಲಸ.

ಹೀಗೆ ಹೇಳದೆ ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಲ್ಯಾಂಬ್ಡಾಮೂ ಎಂಬ ಸಮುದಾಯದ ಪ್ರಸಂಗ ಸಾಕ್ಷಿ. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧಕ ಪಾವೆಲ್ ಕರ್ಟಿಸ್ 1990ರಲ್ಲಿ ಆರಂಭಿಸಿದ ಈ ಲೋಕದಲ್ಲಿ ಚಿತ್ರಗಳಿರಲಿಲ್ಲ; ಕೋಣೆಗಳು, ಪಾತ್ರಗಳು, ಕ್ರಿಯೆಗಳು ಎಲ್ಲವೂ ಪಠ್ಯರೂಪದಲ್ಲಿದ್ದವು. ಅಲ್ಲಿನ ಆಡಳಿತಗಾರರಿಗೆ ‘ಮಾಂತ್ರಿಕರು’ ಎಂಬ ಹೆಸರಿತ್ತು. ತಾವು ಇನ್ನು ಮುಂದೆ ತಾಂತ್ರಿಕ ಕೆಲಸವನ್ನಷ್ಟೇ ನೋಡಿಕೊಳ್ಳುವುದಾಗಿಯೂ ಸಾಮಾಜಿಕ ಜಗಳಗಳಲ್ಲಿ ತಲೆಹಾಕುವುದಿಲ್ಲವೆಂದೂ ಅವರು 1992ರಲ್ಲಿ ಘೋಷಿಸಿದ್ದರು. ಕೆಲವೇ ತಿಂಗಳಲ್ಲಿ ಮಿಸ್ಟರ್ ಬಂಗಲ್ ಎಂಬ ಹೆಸರಿನ ಪಾತ್ರಧಾರಿಯೊಬ್ಬ, ಇತರರ ಪಾತ್ರಗಳು ತಾವೇ ನಡೆದುಕೊಂಡಂತೆ ತೋರಿಸಬಲ್ಲ ಒಂದು ಉಪಕರಣವನ್ನು ಬಳಸಿ, ಎಲ್ಲರೂ ನೆರೆಯುತ್ತಿದ್ದ ನಡುಮನೆಯಲ್ಲಿ ಕೆಲವರ ಮೇಲೆ ಲೈಂಗಿಕ ದೌರ್ಜನ್ಯದ ವರ್ಣನೆಗಳನ್ನು ಹರಿಯಬಿಟ್ಟ. ಸಮುದಾಯ ಸಭೆ ಸೇರಿ ಗಂಟೆಗಟ್ಟಲೆ ಚರ್ಚಿಸಿದರೂ ಒಮ್ಮತಕ್ಕೆ ಬರಲಾಗಲಿಲ್ಲ. ಆ ಬಳಿಕ ಒಬ್ಬ ಮಾಂತ್ರಿಕ ತಾನೊಬ್ಬನೇ ನಿರ್ಧರಿಸಿ ಆ ಪಾತ್ರವನ್ನು ಅಳಿಸಿಹಾಕಿದ. ಜೂಲಿಯನ್ ಡಿಬೆಲ್ 1993ರ ಡಿಸೆಂಬರಿನಲ್ಲಿ ಈ ಪ್ರಸಂಗದ ಬಗ್ಗೆ ಬರೆದ ಲೇಖನ ಮುಂದೆ ಆನ್‌ಲೈನ್ ಸಮುದಾಯಗಳ ಅಧ್ಯಯನದಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂತು. ಕರ್ಟಿಸ್ ತರುವಾಯ ಅರ್ಜಿ ಮತ್ತು ಮತದಾನದ ಪದ್ಧತಿಯನ್ನು ತಂದರು. ಅದೂ ಜಗಳಗಳ ಭಾರವನ್ನು ತಾಳಲಾರದೆ 1996ರಲ್ಲಿ ಮಾಂತ್ರಿಕರು ಸಾಮಾಜಿಕ ತೀರ್ಮಾನಗಳ ಹೊಣೆಯನ್ನು ಮತ್ತೆ ವಹಿಸಿಕೊಂಡರು.

ಬಂಗಲ್‌ಗೆ ಆದದ್ದು ನ್ಯಾಯವೇ? ಬೌದ್ಧ ವಿನಯಪಿಟಕದಲ್ಲಿ ಈ ಪ್ರಶ್ನೆಗೆ ಅಚ್ಚರಿ ಹುಟ್ಟಿಸುವಷ್ಟು ನೇರವಾದ ಉತ್ತರವಿದೆ. ಭಿಕ್ಷುಗಳ ನಡತೆಯ ನಿಯಮಗಳನ್ನು ಒಳಗೊಂಡ ಆ ಗ್ರಂಥದಲ್ಲಿ ಪ್ರತಿ ನಿಯಮಕ್ಕೂ ಒಂದು ಪ್ರಸಂಗದ ಹಿನ್ನೆಲೆಯಿದೆ. ಯಾರ ಕೃತ್ಯದಿಂದ ನಿಯಮ ಹುಟ್ಟಿತೋ ಆ ಮೊದಲಿಗನಿಗೆ, ಅಂದರೆ ಆದಿಕರ್ಮಿಕನಿಗೆ, ಆ ನಿಯಮದಡಿ ದೋಷವಿಲ್ಲ. ಬ್ರಹ್ಮಚರ್ಯಭಂಗದ ನಿಯಮಕ್ಕೆ ಕಾರಣನಾದ ಸುದಿನ್ನನನ್ನು ಬುದ್ಧ ಕಟುವಾಗಿ ಖಂಡಿಸಿದನೇ ಹೊರತು ಆಗ ತಾನೇ ರೂಪುಗೊಂಡ ನಿಯಮವನ್ನು ಹಿಂದಕ್ಕೆ ಚಾಚಿ ಅವನಿಗೆ ಅನ್ವಯಿಸಲಿಲ್ಲ. ಆದರೆ ಈ ತತ್ತ್ವವನ್ನು ಹಾಗೆಯೇ ಎತ್ತಿಕೊಂಡರೆ ಬಂಗಲ್‌ನಿಂದ ನೊಂದವರಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ತಡೆಯನ್ನೂ ದಂಡವನ್ನೂ ಬೇರೆಬೇರೆಯಾಗಿ ಕಾಣುವುದು ಅಗತ್ಯ. ನಡೆಯುತ್ತಿರುವ ನೋವನ್ನು ಆ ಕ್ಷಣವೇ ನಿಲ್ಲಿಸಲು, ಅಂದರೆ ಚಾಟನ್ನು ಮ್ಯೂಟ್ ಮಾಡಲು, ಉಪಕರಣವನ್ನು ಕಿತ್ತುಕೊಳ್ಳಲು, ಬರೆದಿಟ್ಟ ನಿಯಮಕ್ಕಾಗಿ ಕಾಯಬೇಕಾಗಿಲ್ಲ. ಕಾಯಬೇಕಾದುದು ಖಾತೆಯನ್ನು ಶಾಶ್ವತವಾಗಿ ಅಳಿಸುವಂಥ ದಂಡಕ್ಕೆ. ಮಾಂತ್ರಿಕರು ಸುಮ್ಮನಿದ್ದದ್ದು ಮೊದಲನೆಯ ತಪ್ಪು, ಒಬ್ಬನೇ ತೀರ್ಪು ಕೊಟ್ಟದ್ದು ಎರಡನೆಯದು. ಮೊದಲನೆಯದು ನಡೆಯದಿದ್ದರೆ ಎರಡನೆಯದಕ್ಕೆ ಎಡೆಯೇ ಇರುತ್ತಿರಲಿಲ್ಲ.

ವಿನಯದ ಅತ್ಯಂತ ಬೆಲೆಬಾಳುವ ಮಾತು ಅದರ ಚುಲ್ಲವಗ್ಗವೆಂಬ ಭಾಗದ ನಾಲ್ಕನೆಯ ಅಧ್ಯಾಯದಲ್ಲಿದೆ. ಛಬ್ಬಗ್ಗಿಯರೆಂಬ ಭಿಕ್ಷುಗಳ ಗುಂಪು, ಎದುರಿಗಿಲ್ಲದ ಭಿಕ್ಷುಗಳ ಮೇಲೆ ಶಿಸ್ತುಕ್ರಮ ಕೈಗೊಳ್ಳುತ್ತಿತ್ತು. ಇದು ಬುದ್ಧನ ಕಿವಿಗೆ ಬಿದ್ದಾಗ, ಯಾರ ಮೇಲೆ ಕ್ರಮ ನಡೆಯುತ್ತದೋ ಅವರು ಎದುರಿಗಿಲ್ಲದೆ ಅಂಥ ಕ್ರಮ ಸಲ್ಲದೆಂದು ಅವನು ವಿಧಿಸಿದನೆಂದು ಗ್ರಂಥ ಹೇಳುತ್ತದೆ. ಇದಕ್ಕೆ ಸಮ್ಮುಖಾವಿನಯವೆಂದು ಹೆಸರು. ಇಲ್ಲಿ ಸಮ್ಮುಖವೆಂದರೆ ಆಪಾದಿತ ವ್ಯಕ್ತಿಯ ಹಾಜರಿ ಮಾತ್ರವಲ್ಲ. ಸಂಘ, ಧರ್ಮ, ವಿನಯ, ವ್ಯಕ್ತಿ ಈ ನಾಲ್ಕೂ ಎದುರಿಗಿರಬೇಕು. ಎಂದರೆ ತೀರ್ಪು ಕೊಡುವ ಅಧಿಕಾರವುಳ್ಳವರು, ನಡೆದದ್ದರ ಸತ್ಯ, ಅನ್ವಯಿಸುವ ನಿಯಮ, ಉತ್ತರ ಹೇಳಬೇಕಾದ ಮನುಷ್ಯ ಇವುಗಳಲ್ಲಿ ಒಂದು ಗೈರಾದರೂ ವಿಚಾರಣೆ ಊನವೇ.

ಇಂದಿನ ಆಟಗಾರನೊಬ್ಬ ಬೆಳಿಗ್ಗೆ ಎದ್ದು ಲಾಗಿನ್ ಆಗಲು ಹೋದರೆ ಖಾತೆಯನ್ನು ಬ್ಯಾನ್ ಮಾಡಲಾಗಿದೆ, ನಿಯಮೋಲ್ಲಂಘನೆಯೇ ಕಾರಣ ಎಂಬ ಎರಡು ಸಾಲಷ್ಟೇ ಪರದೆಯ ಮೇಲೆ ಕಾಣುತ್ತದೆ. ಯಾವ ಪಂದ್ಯ, ಯಾವ ಮಾತು, ಯಾವ ನಿಯಮ, ಯಾರ ತೀರ್ಮಾನ ಎಂಬುದೊಂದೂ ಅಲ್ಲಿಲ್ಲ. ಮನೆಯಲ್ಲಿರುವುದು ಒಂದೇ ಫೋನಾಗಿ, ಅಣ್ಣನ ಖಾತೆಯಲ್ಲಿ ತಮ್ಮ ಕೂತು ಬೈದಿದ್ದರೆ ಅದನ್ನು ಹೇಳಿಕೊಳ್ಳಲೂ ದಾರಿಯಿಲ್ಲ. ನಾಲ್ಕು ಸಮ್ಮುಖಗಳಲ್ಲಿ ನಾಲ್ಕೂ ಇಲ್ಲದ ಈ ಕ್ರಮ ಫಲಿತಾಂಶದಲ್ಲಿ ಸರಿಯೇ ಇದ್ದರೂ ನ್ಯಾಯವೆನಿಸಿಕೊಳ್ಳಲಾರದು. ಮುಖವೇ ಕಾಣದ ಲೋಕದಲ್ಲಿ ಸಮ್ಮುಖವನ್ನು ಕಟ್ಟಬೇಕಾದುದು ಕಾರಣ ತಿಳಿಸುವುದರಿಂದ, ಸಾಕ್ಷ್ಯ ತೋರಿಸುವುದರಿಂದ, ಉತ್ತರ ಕೇಳುವುದರಿಂದ. ಲೀಗ್ ಆಫ್ ಲೆಜೆಂಡ್ಸ್ ಆಟವನ್ನು ನಡೆಸುವ ರಾಯಟ್ ಗೇಮ್ಸ್ 2011ರಲ್ಲಿ ಟ್ರಿಬ್ಯೂನಲ್ ಎಂಬ ವ್ಯವಸ್ಥೆಯನ್ನು ತಂದು, ಸಾಮಾನ್ಯ ಆಟಗಾರರೇ ಚಾಟ್ ದಾಖಲೆಗಳನ್ನು ಓದಿ ಶಿಕ್ಷೆಯೋ ಕ್ಷಮೆಯೋ ಎಂದು ಮತ ಹಾಕುವಂತೆ ಮಾಡಿತ್ತು. ಆ ವ್ಯವಸ್ಥೆ 2014ರ ಹೊತ್ತಿಗೆ ನಿಂತುಹೋಯಿತಾದರೂ ಅದರಿಂದ ತಿಳಿದುಬಂದ ಒಂದು ಸಂಗತಿ ಉಳಿಯಿತು: ಸುಮ್ಮನೆ ಶಿಕ್ಷೆಗೊಳಗಾದವರಿಗಿಂತ, ಶಿಕ್ಷೆಯ ಜೊತೆಗೆ ತಾವಾಡಿದ ಮಾತನ್ನೇ ಕಂಡು ಕಾರಣ ತಿಳಿದವರಲ್ಲಿ ತಿದ್ದಿಕೊಂಡವರು ಹೆಚ್ಚು.

ಸತ್ಯವನ್ನು ಸಮ್ಮುಖಗೊಳಿಸುವ ಕೆಲಸದಲ್ಲಿ ಕೌಂಟರ್-ಸ್ಟ್ರೈಕ್ ಆಟ 2013ರಲ್ಲಿ ತಂದ ಓವರ್‌ವಾಚ್ ಪದ್ಧತಿ ಗಮನಾರ್ಹವಾದುದು. ಅನುಭವಿ ಆಟಗಾರರು ಆಪಾದಿತನ ಆಟದ ಮರುದೃಶ್ಯವನ್ನು ನೋಡುತ್ತಿದ್ದರು. ಆದರೆ ಆಪಾದಿತನ ಹೆಸರು ಅವರಿಗೆ ತಿಳಿಯುತ್ತಿರಲಿಲ್ಲ, ಸಂಶಯಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿದ್ದರೆ ಮಾತ್ರ ದೋಷಿಯೆನ್ನಬೇಕಿತ್ತು. ಹೆಸರನ್ನು ಮುಚ್ಚಿಡುವುದು ಪಕ್ಷಪಾತವನ್ನು ತಡೆಯುತ್ತದೆ; ತನ್ನವರೆಂಬ ಗುರುತು ಪಕ್ಷಪಾತಕ್ಕೆ ಎಡೆಮಾಡಿದ ನಿದರ್ಶನವೂ ಇದೆ. ಈವ್ ಆನ್‌ಲೈನಿನ ನೌಕರನೊಬ್ಬ ತನ್ನ ಬಳಗಕ್ಕೆ ಅಕ್ರಮವಾಗಿ ಅಮೂಲ್ಯ ವಸ್ತುಗಳನ್ನು ಒದಗಿಸಿದ್ದು 2007ರಲ್ಲಿ ಬಯಲಾದ ಬಳಿಕ, ಕಂಪನಿ ತನ್ನ ನೌಕರರ ನಡತೆಯನ್ನು ನೋಡಿಕೊಳ್ಳಲು ಒಳವಿಭಾಗವನ್ನೂ, 2008ರಲ್ಲಿ ಆಟಗಾರರಿಂದಲೇ ಚುನಾಯಿತವಾದ ಮಂಡಳಿಯನ್ನೂ ರಚಿಸಿತು. ತನ್ನ ತಂಡದವನ ಮೇಲಿನ ದೂರಿನಲ್ಲಿ ಮಾಡರೇಟರ್ ತಾನೇ ಕೂರಬಾರದೆಂಬ ನಿಯಮಕ್ಕೆ ಇದಕ್ಕಿಂತ ಹೆಚ್ಚಿನ ಸಮರ್ಥನೆ ಬೇಕಿಲ್ಲ.

ಭಾಷೆಯನ್ನರಿಯದವನ ಮುಂದೆ ಸತ್ಯ ಎಷ್ಟು ಹೊತ್ತು ನಿಂತರೂ ಸಮ್ಮುಖವಾಗುವುದಿಲ್ಲ. ಕನ್ನಡದ ಹುಡುಗರು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವ ‘ಲೇ’, ‘ಮಗಾ’ ಎಂಬ ಕರೆಗಳು ಗೆಳೆಯರ ನಡುವೆ ಸಲಿಗೆಯಾಗಿದ್ದು, ಅಪರಿಚಿತನಿಗೆ ಅಂದಾಗ ‘ಲೇ’ ಎಂಬುದು ಅವಮಾನವಾಗುತ್ತದೆ. ಯಂತ್ರದ ಸೋಸುಪಟ್ಟಿಗೆ ಈ ಭೇದ ಕಾಣದು, ಕನ್ನಡವರಿಯದ ಮಾಡರೇಟರನಿಗೂ ಕಾಣದು. ನಿಜವಾದ ಹೊಲಸು ಬೈಗುಳ ನುಸುಳಿಹೋಗಿ ಸಲಿಗೆಯ ಮಾತಿಗೆ ಶಿಕ್ಷೆಯಾಗುವುದು ಹೀಗೆಯೇ. ಆಯಾ ಭಾಷೆಯ ಆಟಗಾರರಿಂದಲೇ ಮಾಡರೇಟರ್‌ಗಳನ್ನು ಆರಿಸುವುದು ಆದ್ದರಿಂದ ಔದಾರ್ಯದ ಮಾತಲ್ಲ, ನ್ಯಾಯದ ಪೂರ್ವಶರತ್ತು.

ದೂರು ಕೊಡುವವನಿಗೂ ವಿನಯ ಕಟ್ಟುಪಾಡು ಹಾಕುತ್ತದೆ. ಹೊತ್ತರಿತು, ನಿಜವನ್ನೇ, ಮೃದುವಾಗಿ, ಹಿತಕ್ಕಾಗಿ, ಮೈತ್ರಿಯ ಮನಸ್ಸಿನಿಂದ ಹೇಳುವೆನೆಂದು ಆಪಾದಿಸುವವನು ಮೊದಲು ತನ್ನನ್ನು ಪರೀಕ್ಷಿಸಿಕೊಳ್ಳಬೇಕು. ಸೋತ ಸಿಟ್ಟಿಗೆ ಗುಂಪುಕಟ್ಟಿಕೊಂಡು ಒಬ್ಬನ ಮೇಲೆ ರಿಪೋರ್ಟ್ ಒತ್ತುವ ಚಾಳಿ ಎಲ್ಲ ಆಟಗಳಲ್ಲೂ ಇರುವುದರಿಂದ ರಿಪೋರ್ಟುಗಳ ಸಂಖ್ಯೆಯನ್ನೇ ಸಾಕ್ಷ್ಯವೆಂದು ಎಣಿಸುವುದು ಅಪಾಯಕರ.

ಮಾಡರೇಟರ್ ಒಬ್ಬನಿಗೆ ತಾನು ಸರಿಯೆಂಬ ವಿಶ್ವಾಸ ಬಲವಾಗಿದ್ದಾಗಲೇ ವಿನಯಪಿಟಕದಲ್ಲಿ ಬರುವ ಕೋಸಂಬಿ ನಗರದ ಪ್ರಸಂಗ ನೆನಪಾಗಬೇಕು. ಅಲ್ಲಿ ಒಬ್ಬ ಭಿಕ್ಷು ತಪ್ಪು ಮಾಡಿದನೆಂದು ಕೆಲವರು ಅವನನ್ನು ಅಮಾನತಿನಲ್ಲಿಟ್ಟರು. ತಾನು ತಪ್ಪು ಮಾಡಿಲ್ಲವೆಂದು ಅವನೆಂದನು. ಎರಡೂ ಕಡೆ ಜನ ಸೇರಿ ಸಂಘವೇ ಒಡೆಯಿತು. ನಮಗೆ ಹೀಗೆ ತೋರಿತೆಂಬಷ್ಟಕ್ಕೇ ಒಬ್ಬನನ್ನು ಹೊರಗಿಡಬಹುದೆಂದು ಭಾವಿಸಬೇಡಿ, ಒಡಕಿನ ಭಾರವನ್ನೂ ತೂಗಿ ನೋಡಿ ಎಂಬ ಅರ್ಥದಲ್ಲಿ ಬುದ್ಧ ದಂಡಿಸಿದವರಿಗೆ ತಿಳಿಹೇಳಿದನು. ಇತರರ ಮೇಲಿನ ವಿಶ್ವಾಸಕ್ಕಾಗಿಯಾದರೂ ತಪ್ಪನ್ನು ಒಪ್ಪಿಕೊಳ್ಳಬಹುದೆಂದು ದಂಡಿತನ ಕಡೆಯವರಿಗೆ ಹೇಳಿದನು. ಎರಡು ಬಣಗಳು ಪರಸ್ಪರ ಬೈದಾಡಿ, ಒಂದೊಂದು ಮಾತನ್ನೂ ಕೆದಕಿದರೆ ಜಗಳ ಇನ್ನಷ್ಟು ಹೊತ್ತಿಕೊಳ್ಳುವಂತಿದ್ದರೆ, ಗುರುತರ ದೋಷಗಳನ್ನು ಬಿಟ್ಟು ಉಳಿದವನ್ನೆಲ್ಲ ಸಾಮೂಹಿಕ ಒಪ್ಪಿಗೆಯಿಂದ ಮುಗಿಸುವ ‘ಹುಲ್ಲು ಹೊದಿಸುವ’ ವಿಧಾನವೂ ವಿನಯದಲ್ಲಿದೆ. ಕ್ಲ್ಯಾನ್‌ಗಳೆಂಬ ಆಟಗಾರರ ಬಣಗಳ ಕಲಹಗಳಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ಸಿಗುವುದು ಕಷ್ಟ.

ದಂಡದ ಪ್ರಮಾಣದ ವಿಷಯದಲ್ಲಿ ಜೈನರ ಪ್ರಾಯಶ್ಚಿತ್ತ ವಿಚಾರ ಹೆಚ್ಚು ಸೂಕ್ಷ್ಮವಾಗಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಎಂದರೆ ಕ್ರೋಧ, ಮಾನ ಮೊದಲಾದ ಕಷಾಯಗಳಿಗೆ ವಶವಾದ ಎಚ್ಚರಗೇಡಿತನದಲ್ಲಿ ಗುರುತಿಸುತ್ತದೆ. ಸತತವಾಗಿ ದುರ್ವರ್ತನೆ ತೋರುವವರು ನೂರಕ್ಕೆ ಒಬ್ಬರಷ್ಟಿದ್ದು, ಒಟ್ಟು ದುರ್ವರ್ತನೆಯಲ್ಲಿ ಅವರ ಪಾಲು ನೂರಕ್ಕೆ ಸುಮಾರು ಐದರಷ್ಟೇ ಎಂದು ರಾಯಟ್ ಸಂಸ್ಥೆ ತನ್ನ ಆಟದಲ್ಲಿ ಕಂಡುಕೊಂಡದ್ದು ಈ ಮಾತಿಗೆ ಹೊಂದುತ್ತದೆ. ಉಳಿದದ್ದೆಲ್ಲ ಎಂದಿನಂತೆ ಸರಿಯಾಗಿರುವ ಜನ ಒಂದು ಗಳಿಗೆಯ ಕ್ರೋಧಕ್ಕೋ ಮಾನಕ್ಕೋ ಸಿಕ್ಕಿ ಆಡಿದ್ದು. ಇಂಥವರಿಗೆ ಗಡೀಪಾರು ತಕ್ಕ ಮದ್ದಲ್ಲ. ತತ್ತ್ವಾರ್ಥಸೂತ್ರ ಹೇಳುವ ಒಂಬತ್ತು ಪ್ರಾಯಶ್ಚಿತ್ತಗಳು ಗುರುವಿನೆದುರು ತಪ್ಪನ್ನು ಹೇಳಿಕೊಳ್ಳುವ ಆಲೋಚನೆಯಿಂದ ತೊಡಗಿ, ದೀಕ್ಷೆಯ ಹಿರಿತನವನ್ನು ಕಡಿತಗೊಳಿಸುವ ಛೇದ, ನಿಯತ ಕಾಲ ಸಂಘದಿಂದ ದೂರವಿಡುವ ಪರಿಹಾರ ಇವುಗಳನ್ನು ದಾಟಿ, ಮತ್ತೆ ದೀಕ್ಷೆ ಕೊಡುವ ಉಪಸ್ಥಾಪನೆಯಲ್ಲಿ ಮುಗಿಯುತ್ತವೆ. ಎಚ್ಚರಿಕೆ, ಚಾಟ್ ನಿರ್ಬಂಧ, ಶ್ರೇಣಿಯ ಇಳಿಕೆ, ವಾರದ ಬ್ಯಾನ್ ಎಂಬ ಇಂದಿನ ಮೆಟ್ಟಿಲುಗಳು ಬಹುಪಾಲು ಇದಕ್ಕೆ ಸಮಾನವಾಗಿವೆ, ಕಾಣೆಯಾಗಿರುವುದು ಕೊನೆಯದು. ಬ್ಯಾನ್ ಮುಗಿಸಿ ಬಂದವನನ್ನು ಹಳೆಯ ಗುರುತಿನಿಂದಲೇ ಅಳೆಯುತ್ತಿದ್ದರೆ ಶಿಕ್ಷೆಗೆ ಅವಧಿ ಇದ್ದೂ ಇಲ್ಲದಂತೆ.

ಮರಳುವ ದಾರಿಯಿಲ್ಲದ ತಪ್ಪುಗಳೂ ಇವೆ. ಮಕ್ಕಳನ್ನು ಲೈಂಗಿಕವಾಗಿ ಬಳಸಿಕೊಳ್ಳಲು ಹೊಂಚುವುದು, ಒಬ್ಬರ ಮನೆಯ ವಿಳಾಸ ಹುಡುಕಿ ಪ್ರಾಣಬೆದರಿಕೆ ಹಾಕುವುದು ಆ ಬಗೆಯವು. ಅಂಥವನ್ನು ತಡಮಾಡದೆ ಪೊಲೀಸರಿಗೆ ಒಪ್ಪಿಸಿ ಖಾತೆ ಮುಚ್ಚುವುದೇ ಧರ್ಮ. ವಿನಯದಲ್ಲಿಯೂ ಪಾರಾಜಿಕವೆಂಬ ನಾಲ್ಕು ದೋಷಗಳಿಗೆ ಸಂಘದಲ್ಲಿ ಮತ್ತೆ ಸ್ಥಾನವಿಲ್ಲ, ಆದರೆ ಇನ್ನೂರಕ್ಕೂ ಮಿಕ್ಕ ನಿಯಮಗಳಲ್ಲಿ ಅಂಥವು ನಾಲ್ಕೇ ಎಂಬುದೂ, ಪಾರಾಜಿಕಕ್ಕೆ ಗುರಿಯಾದವನು ಭಿಕ್ಷುತ್ವವನ್ನು ಕಳೆದುಕೊಂಡು ಗೃಹಸ್ಥನಾಗಿ ಬದುಕಲು ಅಡ್ಡಿಯಿರಲಿಲ್ಲವೆಂಬುದೂ ಅಷ್ಟೇ ಮುಖ್ಯ. ಹೊರಹಾಕಿದವನ ಚಾಟ್ ತುಣುಕುಗಳನ್ನು ಹಂಚಿ ನಗುವುದು, ಅವನ ನಿಜನಾಮವನ್ನು ಬಯಲಿಗೆಳೆಯುವುದು, ಬೇರೆ ಆಟಗಳ ಬಾಗಿಲಲ್ಲೂ ಅವನನ್ನು ತಡೆಯಲು ಓಡಾಡುವುದು ಮಾಡರೇಟರನ ಅಧಿಕಾರದೊಳಗೆ ಬರುವುದಿಲ್ಲ. ಸಂಘದ ಸೀಮೆ ಮುಗಿದಲ್ಲಿ ಸಂಘದ ದಂಡವೂ ಮುಗಿಯುತ್ತದೆ, ಅದರಾಚೆಗಿನದು ದೇಶದ ಕಾನೂನಿನ ಕೆಲಸ.