ತೊಟ್ಟಿಲ ಕಾವಲು ಯಾರದು?

ಹುಟ್ಟಿದ ಕೂಸನ್ನು ಬರಿಮೈಯಲ್ಲಿ ಬಿಡುವ ರೂಢಿ ನಮ್ಮಲ್ಲಿ ಯಾವ ಜಾತಿ, ಯಾವ ಮತದವರಲ್ಲೂ ಇಲ್ಲ. ಕೈಗೆ ಕರಿಮಣಿ, ಸೊಂಟಕ್ಕೆ ಉಡಿದಾರ, ಕೊರಳಿಗೆ ತಾಯತ, ಕೆನ್ನೆಯ ಮೇಲೊಂದು ದೃಷ್ಟಿಬೊಟ್ಟು. ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ಮಗುವನ್ನೆತ್ತಿಕೊಂಡು ಮಸೀದಿಯ ಬಾಗಿಲಲ್ಲಿ ನಿಂತು, ಹೊರಬರುವವರಿಂದ ಊದಿಸಿಕೊಂಡು ಹೋಗುವ ತಾಯಂದಿರಲ್ಲಿ ಮುಸ್ಲಿಮರಲ್ಲದವರೂ ಇರುತ್ತಾರೆ. ಹಾಗೆಯೇ ಮುಸ್ಲಿಮರ ಮನೆಯ ಮಗುವಿನ ಕೆನ್ನೆಯ ಮೇಲೂ ಕಾಡಿಗೆಯ ಬೊಟ್ಟು ಕಾಣುತ್ತದೆ. ಹೆತ್ತವರ ಭಯಕ್ಕೆ ಮತಭೇದವಿಲ್ಲ. ನಿದ್ದೆ ಹೋದ ಮಗು ಏಳದಿದ್ದರೆ ಎಂಬ ಭಯ ಅದರಲ್ಲಿ ಬಹುಶಃ ಎಲ್ಲಕ್ಕಿಂತ ಹಳೆಯದು.

ಈಗ ಈ ಸಾಲಿಗೆ ಹೊಸದೊಂದು ಸೇರಿದೆ. ಮಗುವಿನ ಮಣಿಕಟ್ಟಿಗೋ ಪಾದಕ್ಕೋ ಕಟ್ಟುವ ಪುಟ್ಟ ಯಂತ್ರ. ಮೈಶಾಖ, ನಾಡಿಬಡಿತ, ರಕ್ತದಲ್ಲಿನ ಆಮ್ಲಜನಕ ಇವುಗಳನ್ನು ಅಳೆಯುತ್ತ, ಏರುಪೇರಾದರೆ ಕೂಗಿ ಎಬ್ಬಿಸುವ ಯಂತ್ರ. ಇದನ್ನು ತಾಯತದ ಜೊತೆ ಇಟ್ಟು ನೋಡುವುದು ಯಂತ್ರವನ್ನೋ ತಾಯತವನ್ನೋ ಹೀಯಾಳಿಸುವುದಕ್ಕಲ್ಲ. ಎರಡರ ಹಿಂದಿರುವುದೂ ಒಂದೇ ಅಳಲು. ಆದರೆ ತಾಯತ ತಾನು ಅಳೆಯುತ್ತೇನೆಂದು ಹೇಳಿಕೊಳ್ಳುವುದಿಲ್ಲ. ಯಂತ್ರ ಹೇಳಿಕೊಳ್ಳುತ್ತದೆ. ಆದ್ದರಿಂದ ಯಂತ್ರವನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಅದು ಹೇಳುವುದು ನಿಜವೇ? ನಿಜವಾದರೆ ಅದನ್ನು ಕೇಳಿದವರು ಏನು ಮಾಡಬೇಕು? ಮಗುವನ್ನು ಕಾಯುವ ಹೊಣೆ ಕಡೆಗೂ ಯಾರದು?

ಮೊದಲು ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ನೋಡೋಣ. ರತುಲ್ ನರೈನ್ ಎಂಬುವರು ಇಲ್ಲಿ ಆರಂಭಿಸಿದ ಸಂಸ್ಥೆ ‘ಬೆಂಪು’ ಎಂಬ ಕೈಪಟ್ಟಿಯನ್ನು ತಯಾರಿಸಿತು. 2017ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಆ ವರ್ಷದ ಉತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತ್ತು. ಅದು ಮಾಡುವ ಕೆಲಸ ಒಂದೇ. ನವಜಾತ ಶಿಶುವಿನ ಮೈಶಾಖ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕಿತ್ತಳೆ ಬಣ್ಣದ ದೀಪ ಮಿನುಗಿಸಿ ಸದ್ದು ಮಾಡುತ್ತದೆ. ಎಲ್ಲ ಸರಿಯಿದ್ದರೆ ನೀಲಿ ದೀಪ. ನಾಲ್ಕು ವಾರ ಓಡುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಮೊಬೈಲ್ ಬೇಡ, ಅಂಕಿಗಳನ್ನು ಓದಲು ಬರಬೇಕೆಂದಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಯಂತ್ರವೇಕೆ ಎನಿಸಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತೂಕ ದಾಖಲಾದ ನೂರು ಶಿಶುಗಳಲ್ಲಿ ಸುಮಾರು 18 ಶಿಶುಗಳು ಎರಡೂವರೆ ಕಿಲೋಗಿಂತ ಕಡಿಮೆ ತೂಕದವು. ಇಂಥ ಮಗುವಿನ ಚರ್ಮದಡಿ ಕೊಬ್ಬಿಲ್ಲ. ಮೈ ಚಿಕ್ಕದಾದರೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದು. ಹಾಗಾಗಿ ಶಾಖ ಬೇಗನೆ ಸೋರಿಹೋಗುತ್ತದೆ. ಬೆಳೆಯಲು ಬೇಕಾದ ಶಕ್ತಿಯೆಲ್ಲ ಮೈ ಬೆಚ್ಚಗಿಟ್ಟುಕೊಳ್ಳಲು ಖರ್ಚಾಗುತ್ತದೆ. ಮಗು ಹಾಲೆಳೆಯದೆ ಸುಸ್ತಾಗುತ್ತದೆ, ಸೋಂಕಿಗೆ ಸುಲಭವಾಗಿ ಈಡಾಗುತ್ತದೆ. ಇದೆಲ್ಲ ಸದ್ದಿಲ್ಲದೆ ನಡೆಯುವುದರಿಂದ ನೋಡುವವರಿಗೆ ಮಗು ‘ಪಾಪ, ಹಾಯಾಗಿ ಮಲಗಿದೆ’ ಎಂದೇ ಕಾಣುತ್ತದೆ.

ಎರಡನೆಯ ಉದಾಹರಣೆ ಅಮೆರಿಕದ್ದು. ‘ಔಲೆಟ್’ ಎಂಬ ಕಂಪನಿ ಮಗುವಿನ ಪಾದಕ್ಕೆ ತೊಡಿಸುವ ಕಾಲುಚೀಲವೊಂದನ್ನು ತಯಾರಿಸಿತು. ಕೋವಿಡ್ ದಿನಗಳಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡು ಗಾಬರಿಯಿಂದ ನೋಡುತ್ತಿದ್ದ ಆಕ್ಸಿಮೀಟರ್‌ನ ತತ್ವವೇ ಅದರಲ್ಲೂ ಇರುವುದು. ರಕ್ತದ ಮೂಲಕ ಬೆಳಕು ಹಾಯಿಸಿ ಆಮ್ಲಜನಕ ಎಷ್ಟಿದೆಯೆಂದು ಲೆಕ್ಕ ಹಾಕಿ ಮೊಬೈಲಿಗೆ ಕಳಿಸುತ್ತದೆ. ಬೆಲೆ 300 ಡಾಲರಿನ ಆಸುಪಾಸು. ಇದನ್ನು ಕೊಳ್ಳುವವರಲ್ಲಿ ಹೆಚ್ಚಿನವರ ಮಕ್ಕಳು ಪೂರ್ಣ ತಿಂಗಳು ತುಂಬಿ, ಗುಂಡುಗುಂಡಾಗಿ, ಆರೋಗ್ಯದಿಂದ ಇರುವ ಮಕ್ಕಳು. 2021ರ ಅಕ್ಟೋಬರಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು, ಇದು ವೈದ್ಯಕೀಯ ಸಾಧನವಾದ್ದರಿಂದ ಅನುಮತಿಯಿಲ್ಲದೆ ಮಾರುವಂತಿಲ್ಲ ಎಂದು ಎಚ್ಚರಿಕೆ ಪತ್ರ ಕಳಿಸಿತು. ಮಾರಾಟ ನಿಂತಿತು. 2023ರಲ್ಲಿ ಹೊಸ ರೂಪದ ಕಾಲುಚೀಲಕ್ಕೆ ಅನುಮತಿ ದೊರೆಯಿತು. ಆದರೆ ಅದು ನಾಡಿಬಡಿತ ಮತ್ತು ಆಮ್ಲಜನಕದ ಮಟ್ಟವನ್ನು ತೋರಿಸುವುದಕ್ಕೆ ಸಿಕ್ಕ ಅನುಮತಿಯೇ ಹೊರತು, ನಿದ್ದೆಯಲ್ಲಿ ಸಂಭವಿಸುವ ಸಾವನ್ನು ತಪ್ಪಿಸುತ್ತದೆ ಎನ್ನುವುದಕ್ಕಲ್ಲ.

ಈ ವ್ಯತ್ಯಾಸವನ್ನು ಗಮನಿಸಬೇಕು. ಅಂಗಡಿಯಲ್ಲಿ ಮಾರಾಟವಾಗುವುದು ಅಂಕಿ. ಹೆತ್ತವರು ಕೊಳ್ಳುವುದು ಅಭಯ. ಇವೆರಡರ ನಡುವಿನ ಅಂತರವೇ ಈ ವ್ಯಾಪಾರದ ಬಂಡವಾಳ.

ಈ ಅಂತರಕ್ಕೆ ಐವತ್ತು ವರ್ಷಗಳ ಇತಿಹಾಸವಿದೆ. 1972ರಲ್ಲಿ ಆಲ್ಫ್ರೆಡ್ ಸ್ಟೈನ್‌ಷ್ನೈಡರ್ ಎಂಬ ಅಮೆರಿಕನ್ ವೈದ್ಯ, ತೊಟ್ಟಿಲಲ್ಲಿ ಹಠಾತ್ತನೆ ಸಾಯುವ ಮಕ್ಕಳಲ್ಲಿ ಮೊದಲೇ ಉಸಿರು ಆಗಾಗ ನಿಲ್ಲುತ್ತಿರುತ್ತದೆ ಎಂಬ ವಾದ ಮಂಡಿಸಿದರು. ಹಾಗಾದರೆ ಉಸಿರನ್ನು ಕಾಯುವ ಯಂತ್ರವಿದ್ದರೆ ಸಾಕಲ್ಲ ಎಂದು ಸಾವಿರಾರು ಮನೆಗಳಿಗೆ ಯಂತ್ರಗಳು ಬಂದವು. ಆ ವಾದಕ್ಕೆ ಮುಖ್ಯ ಆಧಾರವಾಗಿದ್ದುದು ಒಂದೇ ಮನೆಯ ಇಬ್ಬರು ಮಕ್ಕಳ ಸಾವು. ಆ ತಾಯಿ, ವನೇಟಾ ಹಾಯ್ಟ್, ತನ್ನ ಐವರು ಮಕ್ಕಳನ್ನೂ ಉಸಿರುಗಟ್ಟಿಸಿ ಕೊಂದಳೆಂದು 1995ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 2001ರಲ್ಲಿ ಪ್ರಕಟವಾದ, 1,079 ಶಿಶುಗಳನ್ನು ಮನೆಯಲ್ಲೇ ಯಂತ್ರವಿಟ್ಟು ಗಮನಿಸಿದ ಅಧ್ಯಯನ ಇನ್ನೊಂದು ಸತ್ಯವನ್ನು ತೋರಿಸಿತು. ಯಂತ್ರ ಅಪಾಯವೆಂದು ಗುರುತಿಸುವ ಉಸಿರಿನ ಏರುಪೇರುಗಳು ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳಲ್ಲೂ ನೂರಕ್ಕೆ 43 ಮಕ್ಕಳಲ್ಲಿ ಒಮ್ಮೆಯಾದರೂ ಕಾಣಿಸಿಕೊಂಡಿದ್ದವು. ಆ ಮಕ್ಕಳಿಗೆ ಏನೂ ಆಗಿರಲಿಲ್ಲ.

ಇಷ್ಟರಲ್ಲಿ ನಿಜವಾಗಿ ಮಕ್ಕಳನ್ನು ಉಳಿಸಿದ್ದು ಯಾವುದು? ಒಂದು ಮಾತು. ಮಗುವನ್ನು ಬೋರಲು ಮಲಗಿಸಬೇಡಿ, ಅಂಗಾತ ಮಲಗಿಸಿ ಎಂಬ ಮಾತು. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಇದರ ಪ್ರಚಾರ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಅಮೆರಿಕದಲ್ಲಿ ಇಂಥ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ಗಟ್ಟಿ ಹಾಸಿಗೆ, ಮುಖದ ಸುತ್ತ ದಿಂಬು ಹೊದಿಕೆಗಳಿಲ್ಲದ ಜಾಗ, ಮನೆಯೊಳಗೆ ಬೀಡಿ ಸಿಗರೇಟಿನ ಹೊಗೆಯಿಲ್ಲದಿರುವುದು, ತಾಯಿಯ ಹಾಲು. ಇವು ಯಾವುವನ್ನೂ ಡಬ್ಬಿಯಲ್ಲಿಟ್ಟು ಮಾರಲು ಬರುವುದಿಲ್ಲ. ತಲೆ ದುಂಡಗಾಗಲಿ ಎಂದು ನಾವಿಡುವ ಸಾಸಿವೆ ದಿಂಬನ್ನು ತೆಗೆದಿಡುವುದಕ್ಕೂ ದುಡ್ಡು ಬೇಕಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲಿಯೂ, ಮನೆಯ ಯಂತ್ರಗಳನ್ನು ಈ ಸಾವುಗಳನ್ನು ತಪ್ಪಿಸುವ ಉಪಾಯವೆಂದು ನೆಚ್ಚಬೇಡಿ ಎಂದೇ ಹೇಳಿದೆ.

ಯಂತ್ರದ ಅಂಕಿಯೂ ಸುಳ್ಳಾಗಬಹುದು. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ವೈದ್ಯರು 30 ಶಿಶುಗಳ ಮೇಲೆ ಇಂಥ ಎರಡು ಯಂತ್ರಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಆಮ್ಲಜನಕ ಕುಸಿದಾಗ ಒಂದು ಯಂತ್ರ ಕೆಲವೊಮ್ಮೆ ಹಿಡಿಯಿತು, ಕೆಲವೊಮ್ಮೆ ಬಿಟ್ಟಿತು. ಇನ್ನೊಂದು ಒಮ್ಮೆಯೂ ಹಿಡಿಯಲಿಲ್ಲ. 2020ರಲ್ಲಿ ಬಂದ ಮತ್ತೊಂದು ವರದಿ ನಮಗಂತೂ ಮುಖ್ಯ. ಅಮೆರಿಕದ ಆಸ್ಪತ್ರೆಗಳಲ್ಲಿ ಬೆರಳಿನ ಆಕ್ಸಿಮೀಟರ್ ಸರಿಯಿದೆ ಎಂದು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಕಡಿಮೆಯಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಅದು ದೊಡ್ಡವರ ಲೆಕ್ಕ, ನಿಜ. ಆದರೂ ಯಂತ್ರಕ್ಕೆ ಬಣ್ಣಭೇದವಿಲ್ಲವೆಂದು ನಂಬಿದ್ದ ನಾವು ಒಂದು ಕ್ಷಣ ನಿಂತು ಯೋಚಿಸಬೇಕಾಗಿದೆ.

ಹಾಗೆಂದು ಬೆಂಪು ಒಳ್ಳೆಯದು, ಕಾಲುಚೀಲ ಕೆಟ್ಟದ್ದು ಎಂದು ಷರಾ ಬರೆದು ಮುಗಿಸಬಹುದೇ? ವಿಷಯ ಅಷ್ಟು ಸರಳವಲ್ಲ. ಯಂತ್ರ ಕೂಗಿದಾಗ ಅದು ನಮ್ಮಿಂದ ಏನನ್ನು ಕೇಳುತ್ತದೆ ಎನ್ನುವುದು ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆ. ಕೈಪಟ್ಟಿ ಸದ್ದು ಮಾಡಿದರೆ ತಾಯಿಗೆ ಮಾಡಲು ಒಂದು ಕೆಲಸವಿದೆ. ಮಗುವನ್ನೆತ್ತಿ ಎದೆಗೆ ಎದೆ ಕೊಟ್ಟು ಮಲಗಿಸಿಕೊಂಡು, ಮೇಲೆ ಹೊದ್ದು, ಹಾಲೂಡಿಸುವುದು. ಅದು ಗುಣವೂ ಹೌದು. ಕಾಂಗರೂ ಆರೈಕೆ ಎಂದು ಕರೆಯುವ ಈ ಪದ್ಧತಿ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ, ಶಿಶುಗಳನ್ನಿಡುವ ಶಾಖಪೆಟ್ಟಿಗೆಗಳು ಸಾಲದೆ ಬಂದಾಗ, ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರಿಂದ ಆರಂಭವಾದದ್ದು. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ 3,211 ಕಡಿಮೆ ತೂಕದ ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಎದೆಗಪ್ಪಿಕೊಂಡ ಮಕ್ಕಳಲ್ಲಿ ಮೊದಲ 28 ದಿನಗಳ ಸಾವು ನೂರಕ್ಕೆ 12ರಷ್ಟಿದ್ದರೆ, ಉಳಿದವರಲ್ಲಿ 15.7ರಷ್ಟಿತ್ತು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸೇರಿ ಇದನ್ನು ಜಿಲ್ಲೆಯುದ್ದಕ್ಕೂ ರೂಢಿಸುವ ಕೆಲಸ ಮಾಡಿವೆ. ಅಂದರೆ ಈ ಯಂತ್ರ ಯಾವ ಮನುಷ್ಯರ ಬದಲಿಗೂ ನಿಲ್ಲುವುದಿಲ್ಲ. ಮನುಷ್ಯರನ್ನು ಮಗುವಿನ ಹತ್ತಿರಕ್ಕೆ ಕರೆಯುತ್ತದೆ.

ಮೊಬೈಲಿನಲ್ಲಿ ಅಂಕಿ ಕೆಳಗಿಳಿದರೆ ಹೆತ್ತವರು ಏನು ಮಾಡಬೇಕು? ಮಗುವನ್ನು ಅಲುಗಾಡಿಸಬೇಕೇ? ಆಟೋ ಹಿಡಿದು ಆಸ್ಪತ್ರೆಗೆ ಓಡಬೇಕೇ? ಚೀಲ ಸಡಿಲವಾಗಿದೆಯೇ ಎಂದು ನೋಡಬೇಕೇ? ಏನು ಮಾಡಬೇಕೆಂದು ತಿಳಿಸದ ಎಚ್ಚರಿಕೆ ಬರೀ ಭಯವಾಗಿ ಉಳಿಯುತ್ತದೆ.

ಈ ಭಯ ಯಾರ ಪಾಲಿಗೆ ಬೀಳುತ್ತದೆ ಎನ್ನುವುದನ್ನು ಕೇಳಿಕೊಳ್ಳಬೇಕು. ಹನುಮಂತನಗರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಐವತ್ತು ಅಡಿ ರಸ್ತೆಯ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಬಾಣಂತನಕ್ಕೆ ಬಂದಿದ್ದ ಅಮ್ಮ ಮೂರು ತಿಂಗಳಿಗೆ ಊರಿಗೆ ಹೊರಟಿದ್ದಾರೆ. ದೂರದ ಊರಿನಲ್ಲಿರುವ ಅಳಿಯನೋ ಮಗನೋ ಪ್ರೀತಿಯಿಂದ ಒಂದು ಯಂತ್ರ ಕಳಿಸಿಕೊಡುತ್ತಾರೆ. ರಾತ್ರಿ ಎರಡು ಗಂಟೆಗೆ ಅದು ಕೂಗುತ್ತದೆ. ಎದ್ದವರು ಯಾರು? ತಾಯಿ. ಮೂರು ಸಲ ಸುಳ್ಳು ಕೂಗಿ ನಾಲ್ಕನೆಯ ಸಲ ಅವಳ ಕಣ್ಣು ಹತ್ತಿತೆಂದುಕೊಳ್ಳಿ, ಬೆಳಗ್ಗೆ ಮೊಬೈಲಿನಲ್ಲಿ ದಾಖಲೆ ನೋಡಿ ‘ಅಷ್ಟು ಹೊತ್ತು ಕೂಗಿದರೂ ನಿನಗೆ ಎಚ್ಚರವಾಗಲಿಲ್ಲವೇ’ ಎಂದು ಕೇಳಿಸಿಕೊಳ್ಳುವವರು ಯಾರು? ಮತ್ತೆ ತಾಯಿಯೇ. ಇಲ್ಲವೇ ಮಗುವನ್ನು ನೋಡಿಕೊಳ್ಳಲು ಬರುವ ಆಯಾ. ಮಗುವನ್ನು ಕಾಯಲು ತಂದ ಯಂತ್ರ ಹೆಂಗಸರನ್ನು ಕಾಯುವ ಯಂತ್ರವಾಗಲು ಹೆಚ್ಚು ಹೊತ್ತು ಬೇಡ.

ಇದು ಅತಿಯಾದ ಮಾತೆನ್ನುವವರು ಬ್ರಿಟನ್ನಿನ ಸ್ಯಾಲಿ ಕ್ಲಾರ್ಕ್‌ಳನ್ನು ನೆನೆಯಬೇಕು. 1996ರಲ್ಲಿ ಮತ್ತು 1998ರಲ್ಲಿ ಅವಳ ಎರಡು ಹಸುಗೂಸುಗಳು ಸತ್ತವು. ಒಂದೇ ಮನೆಯಲ್ಲಿ ಹೀಗೆ ಎರಡು ಸಾವು ಸಹಜವಾಗಿ ಸಂಭವಿಸುವ ಸಾಧ್ಯತೆ 7 ಕೋಟಿ 30 ಲಕ್ಷಕ್ಕೆ ಒಂದು ಎಂದು ಪ್ರಸಿದ್ಧ ಮಕ್ಕಳ ವೈದ್ಯ ರಾಯ್ ಮೆಡೋ ಸಾಕ್ಷಿ ನುಡಿದರು. 1999ರಲ್ಲಿ ಅವಳಿಗೆ ಜೀವಾವಧಿ ಶಿಕ್ಷೆಯಾಯಿತು. ಒಂದೇ ತಾಯ್ತಂದೆಯರ ಎರಡು ಮಕ್ಕಳ ಸಾವನ್ನು ಸಂಬಂಧವೇ ಇಲ್ಲದ ಎರಡು ಘಟನೆಗಳೆಂದು ಗುಣಿಸಿದ ಲೆಕ್ಕ ತಪ್ಪಾಗಿತ್ತು. ಒಂದು ಮಗುವಿಗೆ ಸೋಂಕಿತ್ತೆಂದು ಸೂಚಿಸುವ ಪರೀಕ್ಷಾ ವರದಿಯನ್ನು ಪ್ರತಿವಾದಿಗಳಿಗೆ ತೋರಿಸಿಯೇ ಇರಲಿಲ್ಲ. 2003ರಲ್ಲಿ ಅವಳು ಬಿಡುಗಡೆಯಾದಳು. 2007ರಲ್ಲಿ ತೀರಿಕೊಂಡಳು. ಹಾಯ್ಟ್ ವಿಷಯದಲ್ಲಿ ವಿಜ್ಞಾನ ಅಪರಾಧವನ್ನು ರೋಗವೆಂದು ಬಗೆಯಿತು, ಕ್ಲಾರ್ಕ್ ವಿಷಯದಲ್ಲಿ ದುರಂತವನ್ನು ಅಪರಾಧವೆಂದು ಬಗೆಯಿತು. ಎರಡು ಸಲವೂ ಅಂಕಿಯ ಮೇಲಿನ ಭರವಸೆ ಮನುಷ್ಯರನ್ನು ನೋಡದಂತೆ ಮಾಡಿತು.

ಆದರೆ ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಯಂತ್ರ ಬೇಡವೆಂದು ಉಪದೇಶಿಸುವವರಲ್ಲಿ ಹೆಚ್ಚಿನವರು ರಾತ್ರಿ ಎದ್ದು ತೊಟ್ಟಿಲು ತೂಗಿದವರಲ್ಲ. ‘ಹಿಂದಿನ ತಾಯಂದಿರು ಇದೆಲ್ಲ ಇಲ್ಲದೆ ಎಂಟು ಮಕ್ಕಳನ್ನು ಸಾಕಲಿಲ್ಲವೇ’ ಎಂದು ಕೇಳುವವರು, ಹೆತ್ತ ಎಂಟರಲ್ಲಿ ಉಳಿದವರು ಎಷ್ಟು ಎಂಬುದನ್ನು ಅಜ್ಜಿಯರ ಹತ್ತಿರ ಕೇಳಬೇಕು. ತಿಂಗಳು ತುಂಬದೆ ಹುಟ್ಟಿ, ತೀವ್ರ ನಿಗಾ ಘಟಕದಿಂದ ಮನೆಗೆ ಬಂದ ಮಗುವಿಗೆ ವೈದ್ಯರೇ ಯಂತ್ರ ಹೇಳಿದ್ದರೆ ಅದನ್ನು ಬಳಸಲೇಬೇಕು. ನಿದ್ದೆಗೆಟ್ಟ ತಾಯಿ ಒಂದು ದೀಪದ ಮಿನುಗನ್ನು ನಂಬಿ ಎರಡು ಗಂಟೆ ಕಣ್ಣು ಮುಚ್ಚುತ್ತಾಳೆಂದರೆ ಅದನ್ನು ಆಲಸ್ಯವೆನ್ನುವುದು ಕ್ರೌರ್ಯ. ಅವಳಿಗೆ ಯಂತ್ರವಾದರೂ ಜೊತೆಗಿದೆ, ಮನೆಯವರು ಎಲ್ಲಿ ಎಂಬುದು ನಾವು ಕೇಳಬೇಕಾದ ಪ್ರಶ್ನೆ.

ಬಾಣಂತನ ಎಂಬ ನಮ್ಮ ಪದ್ಧತಿಯಲ್ಲಿ ಮೌಢ್ಯ ಬೇಕಾದಷ್ಟಿತ್ತು. ಕತ್ತಲ ಕೋಣೆ, ಹೊಗೆ, ನೀರು ಕೊಡದಿರುವುದು. ಆದರೆ ಅದರೊಳಗೆ ಒಂದು ತಿಳಿವಳಿಕೆಯೂ ಇತ್ತು. ಹಸುಗೂಸನ್ನು ಕಾಯುವುದು ಒಬ್ಬಳಿಂದಾಗುವ ಕೆಲಸವಲ್ಲ, ಅದಕ್ಕೆ ಸರದಿಯ ಮೇಲೆ ಹಲವು ಕೈಗಳು ಬೇಕು ಎಂಬ ತಿಳಿವಳಿಕೆ. ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿ, ನವಜಾತ ಶಿಶುಗಳ ಸಾವನ್ನು ಶೇಕಡ 60ಕ್ಕೂ ಹೆಚ್ಚು ಇಳಿಸಿದ್ದನ್ನು 1999ರಲ್ಲಿ ಜಗತ್ತಿಗೆ ತೋರಿಸಿದರು. ಅದೇ ಮಾದರಿಯಲ್ಲಿ 2011ರಿಂದ ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬಂದು ಮಗುವಿನ ತೂಕ, ಮೈಶಾಖ, ಉಸಿರು ನೋಡುತ್ತಾರೆ. ಒಂದು ಮಗುವಿನ ಈ ಎಲ್ಲ ಭೇಟಿಗಳಿಗೆ ಸೇರಿ ಆಗ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. 2025ರ ಜನವರಿಯ ಚಳಿಯಲ್ಲಿ ಅದೇ ಆಶಾ ಕಾರ್ಯಕರ್ತೆಯರು ಹೆಚ್ಚಿನ ಗೌರವಧನ ಕೇಳುತ್ತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಧರಣಿ ಕುಳಿತಿದ್ದರು.

ಕಾಯುವ ಯಂತ್ರಕ್ಕೆ ಸಾವಿರಗಟ್ಟಲೆ ಕೊಡಲು ಸಿದ್ಧವಿರುವ ಸಮಾಜ ಕಾಯುವ ಮನುಷ್ಯರಿಗೆ ಕೊಡುವಾಗ ಚೌಕಾಸಿ ಮಾಡುತ್ತದೆ. ತಾಯಿಗೆ ಹೆರಿಗೆ ರಜೆ ಎಷ್ಟು, ತಂದೆಗೆ ರಜೆ ಉಂಟೇ, ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವಳ ಕೂಸನ್ನು ಹಗಲಲ್ಲಿ ನೋಡುವವರಾರು ಎಂಬ ಪ್ರಶ್ನೆಗಳೂ ಮಗುವಿನ ನಿದ್ದೆಗೆ ಸಂಬಂಧಿಸಿದವೇ. ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಮೇಲೆ ಮಗುವಿನ ಕೈಗೆ ಪಟ್ಟಿ ಕಟ್ಟಬೇಕೇ ಬೇಡವೇ ಎಂಬುದನ್ನು ಆ ತಾಯ್ತಂದೆಯರು ವೈದ್ಯರನ್ನು ಕೇಳಿ ತೀರ್ಮಾನಿಸಲಿ. ಕಟ್ಟಿದರೂ, ಅದು ಕೂಗಿದಾಗ ಎದ್ದು ಹೋಗುವವರು ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಇರಲಿ.